ಕೆಚ್ಚು ಕುಗ್ಗೀತು, ಜೋಕೆ!

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಲೆಕ್ಕ ಹೀಗಿತ್ತು: ನೆಲಕ್ಕೆ ಕಟ್ಟಿಹಾಕಿದ ಬಲೂನಿನಲ್ಲಿ ದುರ್ಬೀನು ಹಿಡಿದು ಕೂತವನಿಗೆ ಪ್ಯಾರಾಶೂಟ್ ಉಂಟು. ಶತ್ರುವಿನ ನೆಲದಲ್ಲಿ ಇಳಿಯುವ ಗೂಢಚಾರನಿಗೂ ಉಂಟು. ಅವನನ್ನು ಹೊತ್ತೊಯ್ಯುವ ಪೈಲಟ್‌ಗೆ ಮಾತ್ರ ಇಲ್ಲ!

ಏಕೆಂದರೆ ಪೈಲಟ್‌ಗೆ ಕೆಚ್ಚು ಇರಬೇಕು. ಪ್ಯಾರಾಶೂಟ್ ಕೊಟ್ಟರೆ ಅದು ಕುಗ್ಗಿ, ರಿಪೇರಿಯಾಗಬಹುದಾದ ವಿಮಾನವನ್ನೂ ಬಿಟ್ಟು ಆತ ಹಾರಿಬಿಟ್ಟಾನು ಎಂಬ ವಾದ ಅಧಿಕಾರಿಗಳ ನಡುವೆ ಓಡಾಡುತ್ತಿತ್ತು. ಆ ವಿಮಾನವಾದರೂ ಎಂಥದು? ಮರದ ಚೌಕಟ್ಟು, ಮೇಲೆ ಬೇಗ ಹೊತ್ತಿಕೊಳ್ಳುವ ಲೇಪ ಬಳಿದ ಬಟ್ಟೆ. ಬ್ರಿಟಿಷರ ಯುದ್ಧವಿಮಾನ ಸಾಪ್‌ವಿತ್ ಕ್ಯಾಮೆಲ್‌ನಲ್ಲಂತೂ ಪೆಟ್ರೋಲ್ ಟ್ಯಾಂಕು ಪೈಲಟ್‌ನ ಬೆನ್ನ ಹಿಂದೆಯೇ. ಬೆಂಕಿ ಬಿದ್ದರೆ ಕೂತು ಸುಡಬಹುದು, ಇಲ್ಲವೇ ಬರಿಗೈಯಲ್ಲಿ ಹಾರಬಹುದು. ಎರಡರಲ್ಲೂ ಕೆಚ್ಚಿಗೆ ಧಕ್ಕೆಯಿಲ್ಲ.

ಪರಿಹಾರ ಇರಲಿಲ್ಲವೆ? ಇತ್ತು. ಸೊಲ್ಲಾಪುರದ ಕಡೆ ಬಾರ್ಶಿ ಲೈಟ್ ರೈಲ್ವೆ ಕಟ್ಟಿಸಿದ ಬ್ರಿಟಿಷ್ ಎಂಜಿನಿಯರ್ ಎವರಾರ್ಡ್ ಕ್ಯಾಲ್ತ್ರಾಪ್ ‘ಗಾರ್ಡಿಯನ್ ಏಂಜೆಲ್’ ಎಂಬ ಪ್ಯಾರಾಶೂಟ್ ಮಾಡಿದ್ದ. 1917ರ ಜನವರಿಯಲ್ಲಿ ಇಂಗ್ಲೆಂಡಿನ ಆರ್ಫರ್ಡ್‌ನೆಸ್‌ನಲ್ಲಿ ಪರೀಕ್ಷೆಯೂ ಚೆನ್ನಾಗಿಯೇ ನಡೆಯಿತು. ವಿಮಾನಕ್ಕೆ ಬಿಗಿದ ಡಬ್ಬಿಯೊಳಗೆ ಮಡಚಿಟ್ಟ ಬಟ್ಟೆ. ಹಾರಿದವನ ಭಾರವೇ ಅದನ್ನು ಹೊರಗೆಳೆಯಬೇಕು. ದೋಷಗಳೂ ಇದ್ದವು: ತೂಕ ಹೆಚ್ಚು, ವಿಮಾನ ಗಿರಗಿರ ಸುತ್ತತೊಡಗಿದರೆ ಹಗ್ಗ ಬಾಲಕ್ಕೆ ಸುತ್ತಿಕೊಳ್ಳುವ ಭಯ. ತಿದ್ದಬಹುದಾದ ದೋಷಗಳು. ಆದರೆ ತಿದ್ದಲು ಮೊದಲು ಬೇಕೆನ್ನಿಸಬೇಕಲ್ಲ!

ಜರ್ಮನರಿಗೆ ಬೇಕೆನ್ನಿಸಿತು. ಅವರ ಹೈನೆಕೆ ಪ್ಯಾರಾಶೂಟ್ ಕೂಡ ಕೈಕೊಡುತ್ತಿತ್ತು. 1918ರ ಜೂನ್ 29ರಂದು ಜರ್ಮನ್ ಪೈಲಟ್ ಎರ್ನ್ಸ್ಟ್ ಉಡೆಟ್ ಹಾರಿದಾಗ ಪಟ್ಟಿ ವಿಮಾನದ ಬಾಲಕ್ಕೇ ಸಿಕ್ಕಿಕೊಂಡಿತು. ಒದ್ದಾಡಿ ಬಿಡಿಸಿಕೊಂಡ, ಬದುಕಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟಿಷರೂ ಪ್ಯಾರಾಶೂಟ್ ಅಳವಡಿಸಲು ಆದೇಶ ಹೊರಡಿಸಿದರು. ನವೆಂಬರಿನಲ್ಲಿ ಯುದ್ಧವೇ ಮುಗಿಯಿತು. ಕಡತಕ್ಕೆ ಅವಸರವೇನು!

ಇನ್ನೊಂದು ನಂಬಿಕೆಯೂ ಇತ್ತು: ಬೀಳುತ್ತಿರುವವನಿಗೆ ಪ್ರಜ್ಞೆ ತಪ್ಪುತ್ತದೆ, ಪ್ಯಾರಾಶೂಟ್ ಬಿಚ್ಚುವ ಹಗ್ಗವನ್ನು ತಾನೇ ಎಳೆಯಲಾರ. 1919ರ ಏಪ್ರಿಲ್ 28ರಂದು ಅಮೆರಿಕದ ಮೆಕುಕ್ ಫೀಲ್ಡ್‌ನಲ್ಲಿ ಲೆಸ್ಲಿ ಇರ್ವಿನ್ ಹಾರಿ, ತಾನೇ ಎಳೆದು ತೋರಿಸಿದ. ಇಳಿಯುವಾಗ ಕಾಲು ಮುರಿಯಿತು, ಪ್ರಜ್ಞೆ ಇತ್ತು.

ಹಾರಿದವನೇ ಎಳೆದು ಬಿಚ್ಚಿಕೊಳ್ಳುವ ಆ ಬಗೆಯ ಪ್ಯಾರಾಶೂಟೇ 1922ರ ಅಕ್ಟೋಬರ್ 20ರಂದು ಅಮೆರಿಕದ ಪೈಲಟ್ ಹೆರಾಲ್ಡ್ ಹ್ಯಾರಿಸ್‌ನನ್ನು ಉಳಿಸಿತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಕಾಲುಪಟ್ಟಿಯ ಕೊಂಡಿ. ಅದನ್ನೇ ಎಳೆದೆಳೆದು, ಕೊನೆಗೆ ಸರಿಯಾದ ಹಿಡಿ ಹುಡುಕಿ, ಡೇಟನ್ನಿನ ಒಂದು ಮನೆಯ ದ್ರಾಕ್ಷಿ ಚಪ್ಪರಕ್ಕೆ ಬಂದಿಳಿದ. ವಿಮಾನ ಚೂರಾಯಿತು. ಪೈಲಟ್ ಮಾತ್ರ ರಿಪೇರಿಯಾಗುವ ಸ್ಥಿತಿಯಲ್ಲಿದ್ದ.