ಅಟ್ಟದ ಪೆಟ್ಟಿಗೆಯೂ ರಟ್ಟಿನ ಆಟಗಾರರೂ

ಅಮೆರಿಕದ ಕಥೆಯಲ್ಲಿ ಅಟ್ಟ ಬಂತೆಂದರೆ ಅಲ್ಲೊಂದು ಶೂ ಡಬ್ಬಿ ಇರಲೇಬೇಕು. ಡಬ್ಬಿ ಬಂತೆಂದರೆ ಒಳಗೆ ಹಳೇ ಬೇಸ್‌ಬಾಲ್ ಕಾರ್ಡುಗಳು, ಅಂದರೆ ಗಮ್ ಅಥವಾ ಸಿಗರೇಟು ಪೊಟ್ಟಣದ ಜೊತೆ ಬರುತ್ತಿದ್ದ ಆಟಗಾರರ ಚಿತ್ರದ ರಟ್ಟುಗಳು, ಇರಲೇಬೇಕು. ಅಜ್ಜ ತೀರಿಕೊಂಡಿರುತ್ತಾನೆ. ಮೊಮ್ಮಗ ಧೂಳು ಕೊಡವಿ ಮುಚ್ಚಳ ತೆಗೆಯುತ್ತಾನೆ, ಗರಿಗರಿ ಒಣಗಿದ ರಬ್ಬರ್ ಬ್ಯಾಂಡ್ ಬಿಚ್ಚುತ್ತಾನೆ, ಕಟ್ಟಿನ ಮೇಲ್ಗಡೆಯೇ 1952ರ ಕಾರ್ಡಿನ ಬೇಸ್‌ಬಾಲ್ ತಾರೆ ಮಿಕಿ ಮ್ಯಾಂಟಲ್ ನಿನ್ನೆ ಅಚ್ಚಾದವನ ಹಾಗೆ ನಗುತ್ತಿರುತ್ತಾನೆ. ಮನೆ ಸಾಲ ತೀರುತ್ತದೆ, ಕಥೆಯೂ ತೀರುತ್ತದೆ.

ಕಾರ್ಡು ಬಲ್ಲವರು ಇಂಥ ಕಥೆಯನ್ನು ರಬ್ಬರ್ ಬ್ಯಾಂಡಿನ ತನಕ ಓದಿ ಕೆಳಗಿಡುತ್ತಾರೆ. ಬ್ಯಾಂಡ್ ಹಾಕಿದ ಕಟ್ಟಿನಲ್ಲಿ ಮೇಲಿನ ಕಾರ್ಡು ಹೊಳೆಯುವುದುಂಟೇ? ಎರಡೂ ಅಂಚಿನಲ್ಲಿ ಕಚ್ಚು ಬಿದ್ದಿರುತ್ತದೆ. ರಬ್ಬರು ನಾಲ್ಕು ಬೇಸಿಗೆಗೆ ಅಂಟಾಗಿ, ಆಮೇಲೆ ಪುಡಿಯಾಗಿ, ಆಟಗಾರನ ಎದೆಗೆ ಅಡ್ಡಲಾಗಿ ಒಂದು ಕಂದು ಗೆರೆ ಬಿಟ್ಟು ಹೋಗಿರುತ್ತದೆ. ಅದಿರಲಿ, ಮ್ಯಾಂಟಲ್ ಮೇಲಕ್ಕೆ ಬಂದದ್ದಾದರೂ ಹೇಗೆ? ಕ್ರಮವಾಗಿ ಕೂಡಿಸುವ ಹುಡುಗರು ಕಾರ್ಡಿನ ಹಿಂದಿನ ನಂಬರು ನೋಡಿ ಜೋಡಿಸುತ್ತಿದ್ದರು. ಟಾಪ್ಸ್ ಕಂಪನಿಯ 1952ರ ಸೆಟ್ಟಿನಲ್ಲಿ ಒಟ್ಟು 407 ಕಾರ್ಡು, ಮ್ಯಾಂಟಲ್‌ನದು 311ನೆಯದು. ಕಟ್ಟಿನ ಮೇಲೆ ಕೂರುವವನು ಒಂದನೇ ನಂಬರಿನ ಆಂಡಿ ಪ್ಯಾಫ್ಕೊ, ತಳದಲ್ಲಿ ಮಲಗುವವನು 407ನೇ ನಂಬರಿನ ಎಡ್ಡಿ ಮ್ಯಾಥ್ಯೂಸ್. ಇಡೀ ಕಟ್ಟಿನ ಏಟನ್ನೆಲ್ಲ ತಿಂದವರು ಇವರಿಬ್ಬರೇ. ಪ್ಯಾಫ್ಕೊ ಒಳ್ಳೆಯ ಆಟಗಾರ, ಅಷ್ಟೇ. ಮ್ಯಾಂಟಲ್ ಸಾಲಿನವನಲ್ಲ. ಆದರೂ ಮೂಲೆ ಮೊಂಡಾಗದ ಪ್ಯಾಫ್ಕೊಗೆ ಸಂಗ್ರಾಹಕರು ಸುರಿಯುವ ಹಣ ಅವನ ಆಟಕ್ಕಲ್ಲ, ರಬ್ಬರ್ ಬ್ಯಾಂಡಿನಿಂದ ತಪ್ಪಿಸಿಕೊಂಡ ಅದೃಷ್ಟಕ್ಕೆ. ಕಥೆ ಬರೆಯುವವರು ಮ್ಯಾಂಟಲ್‌ನನ್ನು ಬಿಟ್ಟು ಪ್ಯಾಫ್ಕೊನನ್ನು ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು.

ಮ್ಯಾಂಟಲ್ ಕಾರ್ಡಿನ ಬಗ್ಗೆ ಕಥೆಗಳಲ್ಲಿ ಬರುವ ಇನ್ನೆರಡು ತಪ್ಪನ್ನೂ ಇಲ್ಲೇ ಹೇಳಿಬಿಡಬೇಕು. ಒಂದು, ಅದು ಅವನ ಮೊದಲ ಕಾರ್ಡಲ್ಲ. ಮೊದಲನೆಯದು 1951ರಲ್ಲಿ ಬೋಮನ್ ಕಂಪನಿ ತಂದ 253ನೇ ನಂಬರಿನದು. ಎರಡು, ತನ್ನ ಸಾಲಿನಲ್ಲಿ ಅದು ಅತ್ಯಂತ ಅಪರೂಪದ್ದೂ ಅಲ್ಲ. 311ರಿಂದ 407ರವರೆಗಿನ ಕಾರ್ಡುಗಳು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು, ಹುಡುಗರ ಗಮನ ಫುಟ್‌ಬಾಲ್ ಕಡೆ ಹೊರಳಿತ್ತು, ಮಾಲು ಉಳಿದುಹೋಯಿತು. ಆದರೆ ಅಚ್ಚಿನ ಹಾಳೆಯಲ್ಲಿ ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್ ಮೂವರೂ ಎರಡೆರಡು ಸಲ ಇದ್ದರು. ಅಂದರೆ ಅಕ್ಕಪಕ್ಕದ ಯಾವನೋ ಹೆಸರಿಲ್ಲದ ಚೆಂಡೆಸೆತಗಾರನಿಗಿಂತ ಮ್ಯಾಂಟಲ್ ದುಪ್ಪಟ್ಟು ಅಚ್ಚಾದ. 2022ರ ಆಗಸ್ಟಿನಲ್ಲಿ ಒಂದು ಪ್ರತಿ 1 ಕೋಟಿ 26 ಲಕ್ಷ ಡಾಲರಿಗೆ ಹೋದದ್ದು ಹೆಸರಿನ ಬಲದಿಂದ, ಮತ್ತು ಅಷ್ಟು ಶುಭ್ರವಾಗಿ ಉಳಿದದ್ದರಿಂದ.

ಉಳಿದುಹೋದ ಆ ಮಾಲಿನ ಗತಿ ಏನಾಯಿತು ಅನ್ನುವುದೇ ಇನ್ನೊಂದು ಕಥೆ. ಸೆಟ್ಟನ್ನು ರೂಪಿಸಿದವರಲ್ಲೊಬ್ಬನಾದ ಸೈ ಬರ್ಗರ್ ಮುಪ್ಪಿನಲ್ಲಿ ಹೇಳುತ್ತಿದ್ದ: ಗೋದಾಮಿನಲ್ಲಿ ಜಾಗವಿರಲಿಲ್ಲ, ಒಂದು ಸೆಂಟಿಗೆ ಹತ್ತರಂತೆ ಕೊಡುತ್ತೇನೆಂದರೂ ಯಾರೂ ಕೊಳ್ಳಲಿಲ್ಲ, 1960ರಲ್ಲಿ ನೂರಾರು ಪೆಟ್ಟಿಗೆಗಳನ್ನು ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆ ಎಂದು. ನಂಬುವವರಿದ್ದಾರೆ, ಮೂಗು ಮುರಿಯುವವರೂ ಇದ್ದಾರೆ. ಕಾದಂಬರಿಕಾರನಿಗೆ ಇಷ್ಟು ಸಾಕು. ಆದರೆ ಅವನು ಮುಳುಗುಗಾರನನ್ನು ಇಳಿಸಿ ಸಮುದ್ರದ ತಳದಿಂದ ಒಂದು ಪೆಟ್ಟಿಗೆ ಎತ್ತಿಸಬಾರದು. ರಟ್ಟು ಅಂದರೆ ಒತ್ತಿ ಪದರ ಪದರವಾಗಿ ಮಾಡಿದ ಕಾಗದದ ನಾರು. ಉಪ್ಪುನೀರಿನಲ್ಲಿ ಅದು ಕಾರ್ಡಾಗಿ ಉಳಿಯುವ ಮಾತೇ ಇಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಕಾರ್ಡಿಗೆ ಬೆಲೆ ಬರುವುದು ಅದನ್ನು ಯಾರೂ ಮುಟ್ಟದಿದ್ದಾಗ, ಕಥೆ ಹುಟ್ಟುವುದು ಯಾರಾದರೂ ಮುಟ್ಟಿದಾಗ. ಎರಡನ್ನೂ ಒಂದೇ ಕಾರ್ಡಿನಲ್ಲಿ ತುರುಕಲು ಹೋಗಿಯೇ ಅಟ್ಟದ ಕಥೆಗಳು ಕೆಡುವುದು. ನಿಜಕ್ಕೂ ಒಬ್ಬ ಹುಡುಗ ಪ್ರೀತಿಸಿದ ಕಾರ್ಡು ಹೇಗಿರುತ್ತದೆಂದರೆ, ಮೂಲೆಗಳು ನಾಲ್ಕೂ ಉಂಡೆಯಾಗಿರುತ್ತವೆ. ಅಡ್ಡಲಾಗಿ ಒಂದು ಮಡಿಕೆ ಇರುತ್ತದೆ, ಅಂಗಿಯ ಜೇಬು ಅದಕ್ಕೆ ಸಾಲದೆ ಹೋದದ್ದಕ್ಕೆ. ಒಂದು ಬದಿ ನಾಯಿ ಕಚ್ಚಿದಂತೆ ಮೆದುವಾಗಿದ್ದರೆ ಅದು ಸೈಕಲ್ಲಿನ ಗುರುತು: ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕಾರ್ಡನ್ನು ಚಕ್ರದ ಫೋರ್ಕಿಗೆ ಸಿಕ್ಕಿಸಿದರೆ ಕಡ್ಡಿಗಳು ಬಡಿದು ಮೋಟರ್‌ಬೈಕಿನ ಸದ್ದು ಬರುತ್ತಿತ್ತು. ಮೂಲೆ ಮಾತ್ರ ಜಜ್ಜಿದ್ದರೆ ಗೋಡೆಗೆ ಎಸೆಯುವ ಆಟ. ಯಾರ ಕಾರ್ಡು ಗೋಡೆಗೆ ಹತ್ತಿರ ಬಿತ್ತೋ ಅವನಿಗೆ ಎಲ್ಲರದೂ. ಆಟಗಾರ ತಂಡ ಬದಲಿಸಿದಾಗ ಹಳೇ ತಂಡದ ಹೆಸರು ಹೊಡೆದು ಪೆನ್ನಿನಿಂದ ಹೊಸದು ಬರೆದ ಕಾರ್ಡುಗಳೂ ಇವೆ. ಹುಡುಗನಿಗೆ ಅದು ದಾಖಲೆ ತಿದ್ದುವ ಕೆಲಸ, ಮಾರುಕಟ್ಟೆಗೆ ಅದು ಕಳಂಕ. ಹತ್ತಕ್ಕೆ ಒಂದೋ ಎರಡೋ ಅಂಕ ಕೊಟ್ಟು ಪ್ಲಾಸ್ಟಿಕ್ ಫಲಕದೊಳಗೆ ಮುಚ್ಚಿಕೊಡುತ್ತಾರೆ. ಇಂಥ ಅಂಕ ಕೊಡುವುದು ದೊಡ್ಡ ಉದ್ಯಮವಾದದ್ದು 1991ರಲ್ಲಿ ಪಿಎಸ್‌ಎ ಎಂಬ ಕಂಪನಿ ಶುರುವಾದ ಮೇಲೆ. ಅಜ್ಜ 1970ರಲ್ಲಿ ಅಂಕದ ಫಲಕ ಹಿಡಿದು ಕೂತಿದ್ದ ಎಂದು ಬರೆದರೆ ನಡೆಯದು.

ಅಳತೆ ತಪ್ಪಿದರೂ ನಡೆಯದು. ಇದು ಸಣ್ಣ ವಿಷಯವೆಂದು ತೋರುತ್ತದೆ, ಆದರೆ ಕಥೆಗಾರರು ಹೆಚ್ಚು ಎಡವುವುದು ಇಲ್ಲೇ. 1952ರಿಂದ 1956ರವರೆಗಿನ ಟಾಪ್ಸ್ ಕಾರ್ಡು 2⅝ ಇಂಚು ಅಗಲ, 3¾ ಇಂಚು ಉದ್ದ. 1957ರಿಂದ ಅದು 2½ಕ್ಕೆ 3½ ಆಯಿತು, ಇವತ್ತಿಗೂ ಅದೇ. ಒಂಬತ್ತು ಜೇಬಿನ ಪ್ಲಾಸ್ಟಿಕ್ ಹಾಳೆ, ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ ಎಲ್ಲ ಸಾಮಾನ್ಯವಾಗಿ ಸಿಗುವುದು ಈ ಹೊಸ ಅಳತೆಗೆ. ನಾಯಕ 1952ರ ಕಾರ್ಡನ್ನು ಒಂಬತ್ತು ಜೇಬಿನ ಹಾಳೆಗೆ ನೂಕಿದನೋ, ಮೂಲೆಗಳು ಮಡಿಚಿಕೊಳ್ಳುತ್ತವೆ. ಅದಕ್ಕೆ ಎಂಟು ಜೇಬಿನ ಹಾಳೆ ಬೇಕು, ಅದೂ ಪಾಲಿಪ್ರೊಪಿಲೀನ್‌ನದು. ಹಳೇ ಪಿವಿಸಿ ಹಾಳೆ ಕೆಲವು ವರ್ಷಕ್ಕೆ ಎಣ್ಣೆಯಂಥ ಪಸೆ ಬಿಡುತ್ತದೆ, ಕಾರ್ಡಿನ ಮುಖಕ್ಕೆ ಮೆತ್ತಿಕೊಳ್ಳುತ್ತದೆ, ಎಳೆದರೆ ಮಸಿ ಎದ್ದುಬರುತ್ತದೆ. ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ 1909ರ ಕಾಲದ ಕಾರ್ಡುಗಳಂತೂ 1⁷⁄₁₆ ಇಂಚು ಅಗಲ, 2⅝ ಇಂಚು ಉದ್ದ. ಹುಡುಗನ ಅಂಗೈಯಲ್ಲಿ ಪೂರ್ತಿ ಮುಚ್ಚಿಹೋಗುವಷ್ಟು ಚಿಕ್ಕವು.

ಸಿಗರೇಟು ಅಂದ ಮೇಲೆ ಆ ಕಾಲದ ಬೇಸ್‌ಬಾಲ್ ತಾರೆ ಹೋನಸ್ ವ್ಯಾಗ್ನರ್ ಹೆಸರು ಬಾರದೆ ಇರುವುದಿಲ್ಲ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತಂದ, ಟಿ206 ಎಂದು ಹೆಸರಾದ ಸರಣಿಯಲ್ಲಿ ಅವನ ಕಾರ್ಡಿನ ಅಚ್ಚು ಅರ್ಧಕ್ಕೇ ನಿಂತಿತು. ಇವತ್ತು ಜಗತ್ತಿನಲ್ಲಿ ಗೊತ್ತಿರುವ ಪ್ರತಿಗಳು ಅರವತ್ತರ ಒಳಗೆ. ಮಕ್ಕಳು ತನ್ನ ಚಿತ್ರಕ್ಕಾಗಿ ಸಿಗರೇಟು ಕೊಳ್ಳುವುದು ಅವನಿಗೆ ಬೇಡವಾಗಿತ್ತು ಎನ್ನುವುದು ಒಂದು ಕಥೆ, ದುಡ್ಡು ಕೊಡಲಿಲ್ಲವೆಂದು ಅವನು ಒಪ್ಪಲಿಲ್ಲ ಎನ್ನುವುದು ಇನ್ನೊಂದು. ವ್ಯಾಗ್ನರ್ ತಾನೇ ತಂಬಾಕು ಅಗಿಯುತ್ತಿದ್ದವನು. ಹಾಗಾಗಿ ಮೊದಲನೆಯ ಕಥೆಗೆ ಸ್ವಲ್ಪ ಉಪ್ಪು ಕಡಿಮೆ, ಆದರೆ ಎಲ್ಲರ ಬಾಯಲ್ಲಿ ಉಳಿದದ್ದು ಅದೇ.

ಈ ಕಾರ್ಡಿನ ಅತಿ ಪ್ರಸಿದ್ಧ ಪ್ರತಿಯನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ಪಾಲುದಾರ ಬ್ರೂಸ್ ಮ್ಯಾಕ್‌ನಾಲ್ 4,51,000 ಡಾಲರಿಗೆ ಕೊಂಡರು. ಪಿಎಸ್‌ಎ ಅಂಕ ಕೊಟ್ಟ ಮೊದಲ ಕಾರ್ಡೇ ಅದು: ಹತ್ತಕ್ಕೆ ಎಂಟು. ಅದನ್ನು ಹಿಂದೆ ಮಾರಿದ್ದ ವ್ಯಾಪಾರಿ ಬಿಲ್ ಮಾಸ್ಟ್ರೊ, ಅಂಚು ಕತ್ತರಿಸಿದ್ದು ತಾನೇ ಎಂದು 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಮೂಲೆ ಮೊಂಡಾಗಿದ್ದರೆ ಬದಿಯನ್ನು ಕೂದಲೆಳೆಯಷ್ಟು ಕತ್ತರಿಸಿದರೆ ಸಾಕು, ಹೊಸ ಮೂಲೆ ಹುಟ್ಟುತ್ತದೆ. ಹಿಡಿಯುವುದು ಅಂಚಿನಲ್ಲಿ. ಶತಮಾನದಷ್ಟು ಹಳೆಯ ಅಂಚು ಕಂದಿರಬೇಕು, ಭೂತಗನ್ನಡಿಯಲ್ಲಿ ನಾರು ತುಸು ಎದ್ದು ಕಾಣಬೇಕು. ಅಂಚು ಬಿಳುಪಾಗಿ, ಚೂಪಾಗಿ, ನಡುವೆ ಒಳಕ್ಕೆ ಬಾಗಿದಂತಿದ್ದರೆ ಬ್ಲೇಡು ಆಡಿದೆ ಅಂತ ಅರ್ಥ. ಅಳತೆಯೊಂದನ್ನೇ ನಂಬುವ ಹಾಗಿಲ್ಲ. ಆ ಕಾಲದಲ್ಲಿ ಕಾರ್ಖಾನೆಯಿಂದಲೇ ಕೊಂಚ ಹೆಚ್ಚುಕಮ್ಮಿಯಾಗಿ ಬರುತ್ತಿತ್ತು. 1971ರ ಟಾಪ್ಸ್ ಕಾರ್ಡಿಗೆ ಬೇರೆ ರೋಗ. ಅಂಚೆಲ್ಲ ಕಪ್ಪು, ಉಗುರು ತಾಕಿದರೂ ಬಿಳಿ ಚುಕ್ಕೆ. ಕೆಲವರು ಕಪ್ಪು ಮಾರ್ಕರ್ ತೀಡಿ ಮುಚ್ಚುತ್ತಾರೆ, ಆದರೆ ಮಸಿ ಪಕ್ಕದ ಅಂಚಿಗೂ ಇಳಿದಿರುತ್ತದೆ. ಕಾರ್ಡನ್ನು ನೆಟ್ಟಗೆ ನಿಲ್ಲಿಸಿ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಒಳ್ಳೆಯ ಪತ್ತೇದಾರಿ ಕಥೆಗೆ ಕೊಲೆಯೇ ಆಗಬೇಕೆಂದಿಲ್ಲ.

ಎಲ್ಲ ಕೈಚಳಕವೂ ಮೋಸವಲ್ಲ. ಹಿಂದಿನವರು ಮೈದಾ ಅಂಟಿನಿಂದ ಆಲ್ಬಮ್ಮಿಗೆ ಅಂಟಿಸಿದ ಸಿಗರೇಟು ಕಾರ್ಡನ್ನು ಬಿಡಿಸಲು ನೀರೇ ಸಾಕು, ಅದನ್ನು ಹವ್ಯಾಸಿಗಳು ಒಪ್ಪುತ್ತಾರೆ. ಆಲ್ಬಮ್ಮಿನ ಹಾಳೆಯನ್ನು ಕಾರ್ಡಿನ ಸುತ್ತ ಕತ್ತರಿಸಿ, ತಟ್ಟೆಯಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಮುಳುಗಿಸಿಡಬೇಕು. ಬಿಸಿನೀರು ಬೇಡ. ಕೆಲವು ಗಂಟೆ ಕಳೆದ ಮೇಲೆ ಹಾಳೆ ತಾನಾಗಿ ಜಾರುತ್ತದೆ. ಜಾರದಿದ್ದರೆ ಎಳೆಯದೆ ಇನ್ನಷ್ಟು ಹೊತ್ತು ಬಿಡಬೇಕು, ಏಕೆಂದರೆ ನೆಂದ ರಟ್ಟಿನ ಪದರ ಆಲ್ಬಮ್ಮಿನ ಹಾಳೆಗಿಂತ ಬೇಗ ಕಿತ್ತುಬರುತ್ತದೆ. ಆಮೇಲೆ ಹೊಸ ನೀರಿನಲ್ಲಿ ಇನ್ನೊಮ್ಮೆ ಅದ್ದಿ ಲೋಳೆ ತೊಳೆಯಬೇಕು. ಇಲ್ಲದಿದ್ದರೆ ಒಣಗುವಾಗ ಅದು ಒತ್ತುಹಾಳೆಗೇ ಅಂಟಿಕೊಳ್ಳುತ್ತದೆ. ಎರಡು ಒತ್ತುಹಾಳೆಗಳ ನಡುವೆ, ಭಾರವಾದ ಪುಸ್ತಕಗಳ ಅಡಿ, ಹಾಳೆ ಬದಲಿಸುತ್ತ ಎರಡು ಮೂರು ದಿನ. ಅವಸರಪಟ್ಟು ತೆಗೆದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ರಬ್ಬರ್ ಸಿಮೆಂಟ್ ಎಂಬ ಅಂಟಿಗೆ ಈ ಉಪಾಯ ನಡೆಯದು, ನುಣುಪು ಲೇಪವಿರುವ ಈಚಿನ ಕಾರ್ಡುಗಳನ್ನು ನೀರಿಗೆ ಹಾಕಲೇಬಾರದು. ಬಬಲ್‌ಗಮ್ ಪೊಟ್ಟಣದ ಮೇಣ ಕಾರ್ಡಿನ ಮುಖಕ್ಕೆ ಹತ್ತಿದ್ದರೆ ಹೆಂಗಸರ ನೈಲಾನ್ ಕಾಲುಚೀಲದಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ. ಹಿಂಬದಿಯ ಒರಟು ಕಾಗದ ಕುಡಿದ ಮೇಣ ಹೋಗದು, ಗಮ್ಮಿನ ಕಲೆಯೂ ಅಷ್ಟೇ.

ಅಂಟಿನ ಮಾತು ಬಂದಾಗ ಜೆಫರ್ಸನ್ ಬರ್ಡಿಕ್‌ನನ್ನು ಹೇಗೆ ಬಿಡುವುದು? ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸಿನ ಈ ಬ್ರಹ್ಮಚಾರಿಯೇ ಕಾರ್ಡುಗಳಿಗೆಲ್ಲ ಮೊದಲು ಪಟ್ಟಿ ಕಟ್ಟಿದವನು. ಟಿ206ರ 'ಟಿ' ಅವನು ಕೊಟ್ಟ ಗುರುತು. ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು ಕಾಗದಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟ, ಅದರಲ್ಲಿ ಬೇಸ್‌ಬಾಲಿನವೇ ಮೂವತ್ತು ಸಾವಿರ. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲಿ, ವರ್ಷಾನುಗಟ್ಟಲೆ, ಅಲ್ಲೇ ಕೂತು ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದ. ಹೌದು, ಅಂಟಿಸಿದ. ವ್ಯಾಗ್ನರ್ ಕಾರ್ಡಿಗೂ ವಿನಾಯಿತಿ ಇಲ್ಲ. 1963ರ ಜನವರಿಯಲ್ಲಿ ಕೆಲಸ ಮುಗಿಸಿದ, ಮಾರ್ಚಿನಲ್ಲಿ ತೀರಿಕೊಂಡ. ಇವತ್ತಿನ ಸಂಗ್ರಾಹಕ ಅಂಟು ಎಂದರೆ ಬೆಚ್ಚುತ್ತಾನೆ. ಬರ್ಡಿಕ್‌ಗೆ ಕಾರ್ಡು ಮಾರುವ ಸರಕಾಗಿರಲಿಲ್ಲ, ಅದಕ್ಕೊಂದು ಜಾಗ ಸಿಕ್ಕಬೇಕಿತ್ತು. ಅವನ ಬಗ್ಗೆ ಒಂದು ಕಾದಂಬರಿಗಾಗುವಷ್ಟು ಸಾಮಗ್ರಿಯಿದೆ, ಮತ್ತು ಅದರಲ್ಲಿ ಅಟ್ಟ ಇಲ್ಲ.

ಸಣ್ಣ ಕಥೆ ಸಾಕೆನ್ನುವವರಿಗೆ ಬಾಸ್ಟನ್ನಿನ ಗೌಡಿ ಗಮ್ ಕಂಪನಿ ಇದೆ. 1933ರ ಅವರ ಸೆಟ್ಟಿನಲ್ಲಿ ನಂಬರು 240ರವರೆಗೆ ಹೋಗುತ್ತದೆ, ಆದರೆ 106 ಅಚ್ಚೇ ಆಗಿರಲಿಲ್ಲ. ಆರ್ಥಿಕ ಕುಸಿತದ ಕಾಲದಲ್ಲಿ ಹುಡುಗರು ಒಂದೊಂದು ಸೆಂಟು ಕೂಡಿಸಿ ಗಮ್ ಕೊಂಡರು, ಅಗಿದರು, ಉಗಿದರು. 106 ಬರಲೇ ಇಲ್ಲ. ಕೆಲವರು ಬೇಸತ್ತು ಕಂಪನಿಗೆ ಕಾಗದ ಬರೆದರು. ಕಂಪನಿ 1934ರಲ್ಲಿ ನ್ಯಾಪ್ ಲಾಜೊವೇ ಎಂಬ, ದೊಡ್ಡ ಲೀಗು ಬಿಟ್ಟು ಹದಿನೆಂಟು ವರ್ಷವಾಗಿದ್ದ ಹಳಬನ ಚಿತ್ರ ಹಾಕಿ 106 ಅಚ್ಚು ಹಾಕಿಸಿತು, ಕೇಳಿದವರಿಗೆ ಮಾತ್ರ ಅಂಚೆಯಲ್ಲಿ ಕಳಿಸಿತು. ಕಾರ್ಡನ್ನು ಪತ್ರಕ್ಕೆ ಪೇಪರ್ ಕ್ಲಿಪ್ಪಿನಿಂದ ಸಿಕ್ಕಿಸಿದ್ದರು. ಉಳಿದ ಎಷ್ಟೋ ಪ್ರತಿಗಳ ಮೇಲ್ತುದಿಯಲ್ಲಿ ಆ ಕ್ಲಿಪ್ಪಿನ ಗುರುತು ಇನ್ನೂ ಇದೆ. ಅಂಕ ಕೊಡುವವರಿಗೆ ಅದು ದೋಷ. ಜಗಳಗಂಟ ಹುಡುಗನೊಬ್ಬ ಗೆದ್ದದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಚಿತ್ರಗಳಲ್ಲೇ ಆದ ಎಡವಟ್ಟುಗಳೂ ಕಥೆಗಾರನಿಗೆ ಬಿಟ್ಟಿ ಸಿಗುವ ಮಾಲು. 1957ರಲ್ಲಿ ನೆಗೆಟಿವ್ ತಿರುವುಮುರುವಾಗಿ ಬಲಗೈ ಆಟಗಾರ ಹ್ಯಾಂಕ್ ಆರನ್ ಎಡಗೈಯವನಾದ. 1959ರಲ್ಲಿ ಬಲಗೈ ಎಸೆತಗಾರ ಲೂ ಬರ್ಡೆಟ್ ಫೋಟೊದವನನ್ನು ಬೇಸ್ತು ಬೀಳಿಸಲು ಬೇಕೆಂದೇ ಎಡಗೈಯಲ್ಲಿ ಎಸೆಯುವ ಭಂಗಿಯಲ್ಲಿ ನಿಂತ, ಅದು ಹಾಗೇ ಅಚ್ಚಾಯಿತು. 1969ರಲ್ಲಿ ಆರೇಲಿಯೊ ರೋಡ್ರಿಗೆಸ್ ಎಂದು ಬರೆದ ಕಾರ್ಡಿನಲ್ಲಿ ಇರುವವನು ತಂಡದ ಬ್ಯಾಟುಗಳನ್ನು ಎತ್ತಿಕೊಡುತ್ತಿದ್ದ ಹುಡುಗ. ಲಕ್ಷಾಂತರ ಮಕ್ಕಳ ಜೇಬಿನಲ್ಲಿ ಬೇರೆಯವನ ಹೆಸರು ಹೊತ್ತು ತಿರುಗಿದ ಆ ಹುಡುಗನಿಗೆ ಮ್ಯಾಂಟಲ್‌ಗಿಂತ ಹೆಚ್ಚು ಪುಟ ಸಲ್ಲಬೇಕು.

ಇಷ್ಟೆಲ್ಲ ಕೇಳಿಯೂ ಅಟ್ಟದ ಮ್ಯಾಂಟಲ್ಲೇ ಬೇಕೆಂದರೆ ನಾಯಕನ ಕೈಗೆ ಮೊದಲು ಒಂದು ಸ್ಕೇಲು, ಒಂದು ಭೂತಗನ್ನಡಿ ಕೊಡಿ. ಟಾಪ್ಸ್ ಕಂಪನಿಯೇ 1983ರಲ್ಲಿ 1952ರ ಸೆಟ್ಟನ್ನು ಮರುಮುದ್ರಿಸಿತ್ತು, ಹೊಸ ಅಳತೆಯಲ್ಲಿ. ಕಾರ್ಡು ಮೂರೂವರೆ ಇಂಚಿಗೇ ಮುಗಿದರೆ ಮುಂದೆ ನೋಡುವ ಅಗತ್ಯವಿಲ್ಲ, ಹಿಂದೆ ತಿರುಗಿಸಿದರೆ ಮರುಮುದ್ರಣ ಎಂದು ಬರೆದೂ ಇರುತ್ತದೆ. ಅಳತೆ ಸರಿಯಿದ್ದರೆ ಅಕ್ಷರಗಳನ್ನೂ ಕಪ್ಪು ಗೆರೆಗಳನ್ನೂ ನೋಡಲಿ: ಅಸಲಿಯಲ್ಲಿ ಅವು ತುಂಬಿದ ಮಸಿ, ನಕಲಿಯಲ್ಲಿ ಸಾಮಾನ್ಯವಾಗಿ ಚುಕ್ಕೆ ಚುಕ್ಕೆ. ಸಿಗರೇಟು ಕಾರ್ಡಾದರೆ ಕತ್ತಲಲ್ಲಿ ನೇರಳಾತೀತ ದೀಪ ಹಿಡಿಯಲಿ. ಬೆಳ್ಳಗೆ ಹೊಳೆದರೆ ಆ ಕಾಗದ ಎರಡನೇ ಮಹಾಯುದ್ಧಕ್ಕಿಂತ ಈಚಿನದು. ಮತ್ತೆ, ದಯವಿಟ್ಟು, ಆ ರಬ್ಬರ್ ಬ್ಯಾಂಡ್ ತೆಗೆಸಿಬಿಡಿ.