ಬ್ರಶ್ಶಿನ ಬಾಲ

ಶನಿವಾರ ಬೆಳಗಿನ ಐದೂವರೆ. ರಾತ್ರಿಯಿಡೀ ಕುಲುಕಿದ ಬಸ್ಸು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಎಲ್ಲರನ್ನೂ ಸುರಿದು ಹೋಗಿದೆ. ನಲ್ಲಿಯ ಮುಂದೆ ಸಾಲು. ಕಣ್ಣುಗಳು ಇನ್ನೂ ಶಿರಾಡಿ ಘಾಟಿಯ ಯಾವುದೋ ತಿರುವಿನಲ್ಲೇ ಉಳಿದಿವೆ. ಆಗ ಪಕ್ಕದಲ್ಲಿ ನಿಂತವನು ಜೇಬಿನಿಂದ ಕಿರುಬೆರಳುದ್ದದ ಏನನ್ನೋ ತೆಗೆದು ಮೂಗಿನ ಮುಂದೆ ಹಿಡಿಯುತ್ತಾನೆ. ಬಾಲ ಕತ್ತರಿಸಿದ ಟೂತ್‌ಬ್ರಶ್.

"ಎಂಟು ಗ್ರಾಂ ಉಳಿಸ್ದೆ ಗುರು!"

ಶಭಾಷ್ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಮಾತು ಬರುತ್ತದೆ: "ಒಂಚೂರು ಪೇಸ್ಟ್ ಇದ್ಯಾ?"

ಆ ಹೊತ್ತಿಗೆ ಹೊಟ್ಟೆಯಲ್ಲಿ ಏಳುವ ಉರಿ ಕುಮಾರ ಪರ್ವತದ ತುದಿ ಮುಟ್ಟಿದರೂ ಆರುವುದಿಲ್ಲ. ಎರಡು ದಿನಕ್ಕೆ ಬೇಕಾದ ಪೇಸ್ಟು ಹೆಚ್ಚೆಂದರೆ 3 ಗ್ರಾಂ. ಎಲೆ ಅಡಿಕೆಯವರ ಸುಣ್ಣದ ಡಬ್ಬಿಯನ್ನು ತೊಳೆದು ಒಣಗಿಸಿ ಅದರಲ್ಲಿ ಹಿಂಡಿಕೊಂಡು ಬಂದರೆ ಮುಗಿಯಿತು. ಆದರೆ ಹಾಗೆ ತಂದರೆ ಚೀಲದ ತೂಕದ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗುತ್ತದಲ್ಲ!

ಪ್ರತಿ ಚಾರಣದ ಗುಂಪಿಗೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಗುಲಗಂಜಿರಾಯ ಎಂದು ಕರೆಯೋಣ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಒಂದು ಗ್ರಾಮಿನ ಹೆಚ್ಚುಕಡಿಮೆ ಎಂಟನೇ ಒಂದು ಪಾಲು. ಈತ ತನ್ನ ಬೆನ್ನಚೀಲವನ್ನು ತೂಗುವುದೂ ಅದೇ ನಿಷ್ಠೆಯಿಂದ. ಅಂಗಿಯ ಕತ್ತಿನ ಲೇಬಲ್ ಕತ್ತರಿಸುತ್ತಾನೆ. ಚೀಲದ ಪಟ್ಟಿಗಳ ಜೋತುಬಿದ್ದ ತುದಿ ಕತ್ತರಿಸುತ್ತಾನೆ. (ಹಾಗೆ ಕತ್ತರಿಸಿದ ನೈಲಾನ್ ಪಟ್ಟಿಯ ಅಂಚನ್ನು ಬೆಂಕಿಕಡ್ಡಿಯಿಂದ ಸುಟ್ಟು ಮುಚ್ಚದಿದ್ದರೆ ನಾಲ್ಕನೇ ಕಿಲೋಮೀಟರಿಗೆ ನೂಲು ಬಿಚ್ಚಿಕೊಂಡು ಬಕಲ್‌ನಿಂದ ಜಾರಿ ಹೋಗುತ್ತದೆ. ಸುಟ್ಟಿರುವುದಿಲ್ಲ. ಜಾರುತ್ತದೆ. ಆಗ ನಮ್ಮ ಹತ್ತಿರ ಸೇಫ್ಟಿಪಿನ್ ಕೇಳುತ್ತಾನೆ.)

ಈ ವಿದ್ಯೆ ಹುಟ್ಟಿದ್ದು ಅಮೆರಿಕದ ದೂರದ ಕಾಲುದಾರಿಗಳಲ್ಲಿ. 1990ರ ದಶಕದ ಆರಂಭದಲ್ಲಿ ರೇ ಜಾರ್ಡಿನ್ ಎಂಬ ಪರ್ವತಾರೋಹಿ ಎಂಜಿನಿಯರು, ಬೆನ್ನಮೇಲೆ ಮನೆಯನ್ನೇ ಹೊತ್ತು ನಡೆಯಬೇಕಾಗಿಲ್ಲ ಎಂದು ಹೇಳಿ, ತಾನೇ ಹೊಲಿದ ಹಗುರ ಚೀಲದೊಂದಿಗೆ ನಡೆದು ತೋರಿಸಿದ. ಅವನ ದಾರಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ, ಸುಮಾರು 4,200 ಕಿಲೋಮೀಟರು, ತಿಂಗಳುಗಟ್ಟಲೆಯ ನಡಿಗೆ. ಅಲ್ಲಿ ಗ್ರಾಂ ಲೆಕ್ಕಕ್ಕೆ ಅರ್ಥವಿದೆ. ನಮ್ಮದು ಭಾನುವಾರ ರಾತ್ರಿಯ ಬಸ್ಸಿಗೆ ವಾಪಸ್ಸು ಬರುವ ಚಾರಣ.

ಲೆಕ್ಕದ ಮೂಲಸೂತ್ರ ಹೀಗಿದೆ. ಊಟ, ನೀರು, ಇಂಧನ ಬಿಟ್ಟು ಚೀಲದಲ್ಲಿ ಉಳಿದದ್ದೆಲ್ಲ 'ಬೇಸ್ ವೆಯ್ಟ್'. ಅದು 9 ಕಿಲೋದೊಳಗಿದ್ದರೆ ಹಗುರ, ಹತ್ತು ಪೌಂಡು ಅಂದರೆ ನಾಲ್ಕೂವರೆ ಕಿಲೋದೊಳಗಿದ್ದರೆ ಅಲ್ಟ್ರಾಲೈಟ್. ತೂಗಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದೊಡ್ಡ ವಸ್ತು ಇಟ್ಟರೆ ತೂಕದ ಅಂಕಿಯೇ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲು ಒಂದು ಪಾತ್ರೆಯನ್ನು ಬೋರಲು ಹಾಕಿ, ಸೊನ್ನೆಗೆ ತಂದು, ಅದರ ಮೇಲೆ ಇಡಬೇಕು. ಚೀಲ ಹೊತ್ತು ಬಾತ್‌ರೂಮಿನ ತಕ್ಕಡಿ ಹತ್ತಿ, ಇಳಿದು, ಕಳೆದು ನೋಡುವ ಉಪಾಯದಲ್ಲಿ ನೂರಿನ್ನೂರು ಗ್ರಾಂ ಆಚೀಚೆ ಆಗುವುದು ಖಂಡಿತ. ಗುಲಗಂಜಿರಾಯನಿಗೆ ಆ ನೂರಿನ್ನೂರರಲ್ಲಿ ಇಪ್ಪತ್ತು ಬ್ರಶ್ಶಿನ ಬಾಲಗಳು ಕಾಣುತ್ತವೆ.

ಈ ಲೆಕ್ಕದಲ್ಲಿ ಒಂದು ಕಳ್ಳಗಿಂಡಿ ಇದೆ. ಮೈಮೇಲೆ ತೊಟ್ಟದ್ದು ಬೇಸ್ ವೆಯ್ಟಿಗೆ ಸೇರುವುದಿಲ್ಲ. ಇದನ್ನು ಕಂಡುಕೊಂಡ ದಿನವೇ ಗುಲಗಂಜಿರಾಯ ಒಂಬತ್ತು ಜೇಬಿನ ಪ್ಯಾಂಟು ಕೊಂಡಿದ್ದಾನೆ. ಒಂದರಲ್ಲಿ ಪವರ್ ಬ್ಯಾಂಕು, 20,000 ಎಂಎಎಚ್‌ನದು, ಅದೊಂದೇ ನಾನೂರು ಗ್ರಾಂ ಹತ್ತಿರ. ಇನ್ನೊಂದರಲ್ಲಿ ಚಾಕು, ಟಾರ್ಚು, ಬೀಗದಕೈ ಗೊಂಚಲು. ಮೊಣಕಾಲ ಪಕ್ಕದ ಜೇಬಿನಲ್ಲಿ ಕಡಲೆಕಾಯಿ ಚಿಕ್ಕಿ, ಹಿಂದಿನ ಜೇಬಿನಲ್ಲಿ ಮಡಿಸಿದ ರೇನ್‌ಕೋಟು. ನಡೆದರೆ ಝಣ್ ಝಣ್ ಸದ್ದು, ಮನೆಮನೆಗೆ ಬರುವ ಕೋಲೆ ಬಸವನ ಹಾಗೆ. ಏರಿನಲ್ಲಿ ಪ್ರತಿ ಹೆಜ್ಜೆಗೂ ಪವರ್ ಬ್ಯಾಂಕು ತೊಡೆಗೆ ಬಡಿಯುತ್ತದೆ, ಪ್ಯಾಂಟು ಕೆಳಗೆ ಜಾರುತ್ತದೆ, ಅದನ್ನು ಮೇಲಕ್ಕೆಳೆಯುವುದರಲ್ಲಿ ಒಂದು ಕೈ ಕಾಯಂ ಆಗಿ ನಿರತವಾಗಿರುತ್ತದೆ. ಆದರೆ ಚೀಲದ ತೂಕ 4.3 ಕಿಲೋ! ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೆ ಎರಡು ಸಲ ಹೇಳುತ್ತಾನೆ. ಅದೇ ಭಾರವನ್ನು ಬೆನ್ನಿಗೆ ಅಂಟಿದ ಹಾಗೆ ಚೀಲದ ನಡುಭಾಗದಲ್ಲಿಟ್ಟು, ಸೊಂಟದ ಪಟ್ಟಿಯನ್ನು ಸೊಂಟದ ಎಲುಬಿನ ಮೇಲೆ ಬಿಗಿದಿದ್ದರೆ ಹೆಚ್ಚಿನ ತೂಕ ಕಾಲಿಗೆ ಇಳಿದು ಭುಜ ಹಗುರವಾಗುತ್ತಿತ್ತು. ಸೊಂಟದ ಪಟ್ಟಿ? ಅದನ್ನೂ ಕತ್ತರಿಸಿದ್ದಾನೆ. 140 ಗ್ರಾಂ ಇತ್ತಂತೆ.

ನಿಜವಾಗಿ ತೂಕ ಇಳಿಯುವುದು ಮೂರು ದೊಡ್ಡ ಐಟಂಗಳಲ್ಲಿ: ಚೀಲ, ಟೆಂಟು, ಹಾಸಿಗೆ. 60 ಲೀಟರಿನ, ಒಳಗೆ ಲೋಹದ ಚೌಕಟ್ಟಿರುವ ಚೀಲ ಖಾಲಿ ಇದ್ದಾಗಲೇ ಎರಡು ಕಿಲೋ. ಚೌಕಟ್ಟಿಲ್ಲದ ಹಗುರ ಚೀಲ ಆರೇಳುನೂರು ಗ್ರಾಂ. ಹಾಗಂತ ಚೌಕಟ್ಟಿಲ್ಲದ್ದನ್ನು ಮೊದಲು ಕೊಳ್ಳಬಾರದು. ಒಳಗಿನ ಸಾಮಾನು ಇಳಿಸದೆ ಅದಕ್ಕೆ ಹತ್ತು ಹನ್ನೆರಡು ಕಿಲೋ ತುಂಬಿದರೆ ಚೀಲ ಕುಂಬಳಕಾಯಿಯಂತೆ ದುಂಡಗಾಗಿ ಬೆನ್ನಿನ ಮೇಲೆ ಉರುಳಾಡುತ್ತದೆ. ಸಾಮಾನ್ಯ ಇಬ್ಬರ ಟೆಂಟು ಎರಡೂವರೆಯಿಂದ ಮೂರು ಕಿಲೋ. ಸಿಲ್‌ನೈಲಾನ್ ಅಂದರೆ ಸಿಲಿಕೋನ್ ಲೇಪಿಸಿದ ನೈಲಾನ್ ಬಟ್ಟೆಯ ತಾರ್ಪಾಲು ನಾನೂರು ಗ್ರಾಂ ಆಸುಪಾಸು. ಇನ್ನು ಬಾತಿನ ತುಪ್ಪುಳ ತುಂಬಿದ ಸ್ಲೀಪಿಂಗ್ ಬ್ಯಾಗು ಮುಷ್ಟಿಯೊಳಗೆ ಹಿಡಿಯುವಷ್ಟು ಚಿಕ್ಕದಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಹಿಮಾಲಯದ ಒಣ ಚಳಿಗೆ ಅದು ಚಿನ್ನ. ಮಲೆನಾಡಿನ ಮಳೆಯಲ್ಲಿ ತುಪ್ಪುಳ ಒದ್ದೆಯಾಗಿ ಮುದ್ದೆಗಟ್ಟುತ್ತದೆ, ಬೆಚ್ಚಗಿಡುವ ಗಾಳಿಯ ಪದರವೇ ಉಳಿಯುವುದಿಲ್ಲ. ಆಮೇಲೆ ಅದರೊಳಗೆ ಮಲಗುವುದೂ ನೆನೆಸಿದ ಕೋಳಿಯನ್ನು ಅಪ್ಪಿಕೊಂಡು ಮಲಗುವುದೂ ಒಂದೇ.

ಕುಮಾರ ಪರ್ವತದ ಮೇಲಂತೂ ರಾತ್ರಿ ತಂಗುವುದಕ್ಕೆ ಅರಣ್ಯ ಇಲಾಖೆಯ ಅನುಮತಿಯೇ ಇಲ್ಲ. ನಮ್ಮ ಕಡೆಯ ಬಹುಪಾಲು ಬೆಟ್ಟಗಳ ಕಥೆಯೂ ಇದೇ, ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಅಂದಮೇಲೆ ಮೂರು ದೊಡ್ಡ ಐಟಂಗಳಲ್ಲಿ ಎರಡು ಮನೆಯಲ್ಲೇ ಉಳಿದವು. ಅಲ್ಟ್ರಾಲೈಟ್ ಟೆಂಟಿನ ತೂಕ ಇಲ್ಲಿ ಸೊನ್ನೆ ಗ್ರಾಂ, ಬೆಲೆ ಸೊನ್ನೆ ರೂಪಾಯಿ. ಇದನ್ನು ಹೇಳಿದರೆ ಗುಲಗಂಜಿರಾಯನ ಮುಖ ಬಾಡುತ್ತದೆ, ಪಾಪ. ಕಂತಿನಲ್ಲಿ ಕೊಂಡಿದ್ದಾನೆ.

ನಮ್ಮ ಬೆಟ್ಟಗಳಲ್ಲಿ ಹೊರೆ ಎಂದರೆ ನೀರು. ಒಂದು ಲೀಟರಿಗೆ ಒಂದು ಕಿಲೋ, ಇದರಲ್ಲಿ ಯಾವ ಕಂಪನಿಯೂ ಹಗುರ ಮಾದರಿ ತಂದಿಲ್ಲ. 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಕುಕ್ಕೆಯ ಕಡೆಯಿಂದ ಸುಮಾರು ಹದಿಮೂರು ಕಿಲೋಮೀಟರು, ಸಾವಿರದೈನೂರು ಮೀಟರಿಗೂ ಮಿಕ್ಕಿದ ಏರು. ಗಿರಿಗದ್ದೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲುಬೋಳು. ಕಲ್ಲುಮಂಟಪದ ಹತ್ತಿರದ ನೀರನ್ನು ಬೇಸಿಗೆ ಹತ್ತಿರವಾದಂತೆ ನಂಬುವ ಹಾಗಿಲ್ಲ. ಆದ್ದರಿಂದ ಎರಡು ಲೀಟರು ಕನಿಷ್ಠ, ಬೆವರುವ ಮೈಯಾದರೆ ಮೂರು. ಉಳಿಸಬೇಕಾದ್ದು ನೀರಿನಲ್ಲಲ್ಲ, ಬಾಟಲಿಯಲ್ಲಿ: ಎರಡು ಪದರದ ಸ್ಟೀಲ್ ಬಾಟಲಿ ಖಾಲಿಯೇ ನಾನೂರು ಗ್ರಾಂ ಮೀರುತ್ತದೆ, ಹಗುರ ಪ್ಲಾಸ್ಟಿಕ್ಕಿನದು ಮೂವತ್ತು. ಕಾಡಿನಲ್ಲಿ ಬಿಸಾಡದೆ ವಾಪಸ್ ತರಬೇಕು, ಅಷ್ಟೆ.

ಗುಲಗಂಜಿರಾಯ ತರುವುದು ಅರ್ಧ ಲೀಟರು. ಮೊದಲ ಮೂರು ಕಿಲೋಮೀಟರಿನಲ್ಲಿ ಅದು ಮುಗಿಯುತ್ತದೆ. ಆಮೇಲೆ ಶುರುವಾಗುತ್ತದೆ 'ಒಂದು ಗುಟುಕು' ಅಧ್ಯಾಯ. ಅವನು ಸಂಭಾವಿತ, ಬಾಟಲಿ ಕಚ್ಚುವುದಿಲ್ಲ, ಎತ್ತಿ ಕುಡಿಯುತ್ತಾನೆ. ತಲೆ ಹಿಂದಕ್ಕೆ ವಾಲಿಸಿ, ಒಂದು ಕೈಯಿಂದ ಪ್ಯಾಂಟು ಹಿಡಿದು, ಇನ್ನೊಂದರಿಂದ ನಮ್ಮ ಬಾಟಲಿಯನ್ನು ಆಕಾಶಕ್ಕೆತ್ತುತ್ತಾನೆ. ಏದುಸಿರು ಬೇರೆ. ಮೊದಲ ಧಾರೆ ಗಲ್ಲಕ್ಕೆ, ಎರಡನೆಯದು ಮೂಗಿಗೆ. ಕೆಮ್ಮುತ್ತಾನೆ, ಕೆಮ್ಮಿಗೆ ಇನ್ನೊಂದು ಗುಟುಕು ಬೇಕಾಗುತ್ತದೆ. ಬಾಟಲಿ ಕೈಗೆ ಮರಳಿದಾಗ ಇನ್ನೂರು ಮಿಲಿ ಮಾಯ. ಅದರಲ್ಲಿ ಅರ್ಧ ಅವನ ಅಂಗಿಯ ಮೇಲಿದೆ. ಆ ಒದ್ದೆ ಅಂಗಿಯೂ 'ಮೈಮೇಲೆ ತೊಟ್ಟದ್ದು', ಪಟ್ಟಿಗೆ ಸೇರುವುದಿಲ್ಲ. ಗುಂಪಿನಲ್ಲಿ ಆರು ಜನರಿದ್ದರೆ ಸರದಿಯಂತೆ ಆರೂ ಬಾಟಲಿಗಳಿಗೆ ಈ ಅಭಿಷೇಕ ಆಗುತ್ತದೆ. ಇಷ್ಟಕ್ಕೂ ತೂಕ ಇಳಿಸುವುದೇ ಗುರಿಯಾದರೆ ಹತ್ತುವ ಮುನ್ನ ಒಮ್ಮೆ ಮೂತ್ರಕ್ಕೆ ಹೋಗಿಬಂದರೆ ಮುನ್ನೂರು ಗ್ರಾಂ ಇಳಿಯುತ್ತದೆ, ಮೂವತ್ತೇಳು ಬ್ರಶ್ಶು ಕತ್ತರಿಸಿದಷ್ಟು.

ಬಟ್ಟೆಯ ವಿಷಯ ಬೇಗ ಹೇಳಿ ಮುಗಿಸಬಹುದು. ಜೀನ್ಸ್ ಬೇಡವೇ ಬೇಡ. ಒಣಗಿದ್ದಾಗ ಏಳುನೂರು ಗ್ರಾಂ, ಮಳೆ ಕುಡಿದರೆ ಅದರ ದುಪ್ಪಟ್ಟು, ಮತ್ತು ತೊಡೆ ಉಜ್ಜಿ ಹುಣ್ಣಾದ ಮೇಲೆ ಇಳಿಯುವ ನಡಿಗೆಯನ್ನು ಯಾರೂ ನೋಡಬಾರದು. ಟರ್ಕಿ ಟವೆಲ್ ಬದಲು ಕರಾವಳಿಯವರ ತೆಳ್ಳನೆಯ ಬೈರಾಸ: ನೂರೈವತ್ತು ಗ್ರಾಂ ಮೀರದು, ಒರೆಸಲೂ ಆಯಿತು, ತಲೆಗೆ ಸುತ್ತಲೂ ಆಯಿತು. ಚೀಲದ ಮೇಲೆ ಹೊದಿಸುವ ರೇನ್‌ಕವರ್ ಬೆನ್ನಿನ ಕಡೆಯಿಂದ ನೀರು ಬಿಟ್ಟುಕೊಳ್ಳುತ್ತದೆ. ದಪ್ಪನೆಯ ದೊಡ್ಡ ಕಸದ ಚೀಲವೊಂದನ್ನು ಒಳಗೆ ಹಾಕಿ, ಅದರೊಳಗೆ ಸಾಮಾನಿಟ್ಟು ಬಾಯಿ ತಿರುಚಿ ಮಡಿಸಿದರೆ ಐವತ್ತು ಗ್ರಾಮಿನಲ್ಲಿ ಕೆಲಸ ಆಯಿತು. ಬೂಟು ಹಗುರವಾದಷ್ಟೂ ಒಳ್ಳೆಯದು, ಕಾಲಿಗೆ ಕಟ್ಟಿದ ಒಂದು ಕಿಲೋ ಬೆನ್ನ ಮೇಲಿನ ನಾಲ್ಕೈದು ಕಿಲೋಗೆ ಸಮ ಶಕ್ತಿ ತಿನ್ನುತ್ತದೆ.

ಊಟದಲ್ಲಿ ನೋಡಬೇಕಾದ್ದು ನೂರು ಗ್ರಾಮಿಗೆ ಎಷ್ಟು ಕ್ಯಾಲೊರಿ ಎಂಬುದನ್ನು. ಕಡಲೆಬೀಜಕ್ಕೆ 560ರ ಮೇಲೆ, ಅವಲಕ್ಕಿಗೆ ಸುಮಾರು 350, ಸೌತೆಕಾಯಿಗೆ ಬರೀ 15. ಸೌತೆಕಾಯಿ ಎಂದರೆ ಸಿಪ್ಪೆ ಇರುವ ನೀರಿನ ಬಾಟಲಿ, ಬೇಕಿದ್ದರೆ ನೀರಿನ ಲೆಕ್ಕದಲ್ಲಿ ಒಯ್ಯಿರಿ. ಮೊಸರನ್ನದ ಡಬ್ಬಿ ಬಾಯಿಗೆ ಹಿತ, ಬೆನ್ನಿಗಲ್ಲ. ವಿದೇಶಿ ಅಲ್ಟ್ರಾಲೈಟ್ ಪೊಟ್ಟಣಗಳಿಗೆ ಆರುನೂರು ರೂಪಾಯಿ ಸುರಿಯುವವರು ಹುರಿಹಿಟ್ಟನ್ನು ಯಾಕೆ ಮರೆತರೋ. ಅರಳಿಸಿದ ರಾಗಿಯ ಹಿಟ್ಟು, ಪುಡಿಬೆಲ್ಲ, ಏಲಕ್ಕಿ. ನೀರು ಹಾಕಿ ಕಲಸಿದರೆ ಊಟ. ಒಲೆ ಬೇಡ, ಗ್ಯಾಸ್ ಡಬ್ಬಿ ಬೇಡ, ವಾರಗಟ್ಟಲೆ ಕೆಡುವುದಿಲ್ಲ.

ಕತ್ತರಿ ತಾಗಬಾರದ ಜಾಗಗಳೂ ಇವೆ: ಮಳೆಗೆ ಒಂದು ಹೊದಿಕೆ, ತಲೆಗೆ ಕಟ್ಟುವ ಟಾರ್ಚು, ಗಾಯಕ್ಕೆ ಪಟ್ಟಿ, ಓಆರ್‌ಎಸ್ ಎರಡು ಪೊಟ್ಟಣ, ಮಳೆಗಾಲವಾದರೆ ಇಂಬಳಕ್ಕೆ ಉಪ್ಪು. ಮಾತ್ರೆಗಳ ಪಟ್ಟಿಯನ್ನು ಕತ್ತರಿಸಿ ಒಯ್ಯುವಾಗ ಹೆಸರು ಮತ್ತು ಅವಧಿ ಮುದ್ರಿಸಿದ ತುದಿಯನ್ನೇ ಕತ್ತರಿಸಿ ಎಸೆಯಬೇಡಿ. ಬೆಟ್ಟದ ಮೇಲೆ, ಕತ್ತಲಲ್ಲಿ, ಇದು ಜ್ವರದ್ದೋ ಮಲಬದ್ಧತೆಯದ್ದೋ ಎಂದು ಗುಂಪಾಗಿ ಚರ್ಚಿಸುವ ಸುಖ ಯಾರಿಗೂ ಬೇಡ.

1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, ಅಮೆರಿಕದ ಅಪಲಾಚಿಯನ್ ಕಾಲುದಾರಿಯ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರನ್ನು ಒಬ್ಬಳೇ ನಡೆದು ಮುಗಿಸಿದಳು. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನೇ ಹೊಲಿದ ಚೀಲ, ಒಂದು ಕಂಬಳಿ, ಮಳೆಗೆ ಸ್ನಾನದಮನೆಯ ಪ್ಲಾಸ್ಟಿಕ್ ಪರದೆ. ತಕ್ಕಡಿ ಇರಲಿಲ್ಲ. ದಾರಿಯಲ್ಲಿ ಸಿಕ್ಕ ಎಷ್ಟೋ ಮನೆಯವರು ಊಟ ಹಾಕಿದರು, ಮಲಗಲು ಜಾಗ ಕೊಟ್ಟರು. ಕೆಲವರು ಬಾಗಿಲು ಹಾಕಿಕೊಂಡರು. ನಮ್ಮಲ್ಲೂ ಹಿಂದಿನವರು ಘಾಟಿ ಇಳಿದು ಹತ್ತಿದ್ದು ಹೆಗಲ ಮೇಲೊಂದು ಗಂಟು, ತಲೆಯ ಮೇಲೊಂದು ಗೊರಬು ಇಟ್ಟುಕೊಂಡೇ. ಎಲೆ ಹೆಣೆದ ಆ ಗೊರಬಿನ ಕೆಳಗೆ ಎರಡು ಕೈಯೂ ಬಿಡುವಾಗಿ ಮಳೆಯಲ್ಲೇ ನಾಟಿ ಮಾಡುತ್ತಿದ್ದರು. ಈಗ ಅದು ಹೋಮ್‌ಸ್ಟೇಗಳ ಗೋಡೆಯ ಮೇಲೆ ಅಲಂಕಾರಕ್ಕೆ ನೇತಾಡುತ್ತದೆ. ಗಂಟು ಚಿಕ್ಕದಿದ್ದದ್ದು, ಸಂಜೆ ಯಾರ ಜಗಲಿ ಹತ್ತಿದರೂ ಒಂದು ಚಾಪೆ, ಒಂದು ಲೋಟ ಮಜ್ಜಿಗೆ ಸಿಗುತ್ತದೆಂಬ ಧೈರ್ಯಕ್ಕೆ.

ಗಿರಿಗದ್ದೆಯ ಭಟ್ಟರ ಮನೆ ಆ ಜಗಲಿಗಳ ಪೈಕಿಯದು. ಎಷ್ಟೋ ವರ್ಷಗಳಿಂದ ಚಾರಣಿಗರು ಅಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಉಂಡಿದ್ದಾರೆ. ಗುಲಗಂಜಿರಾಯನ ಚೀಲದಲ್ಲಿ ಒಲೆಯಿಲ್ಲದ್ದು, ಪಾತ್ರೆಯಿಲ್ಲದ್ದು ಈ ಮನೆಯ ನಂಬಿಕೆಯಿಂದ. ಅವನು ಮೂರನೇ ಸಲ ಅನ್ನ ಹಾಕಿಸಿಕೊಳ್ಳುತ್ತ, ಎದುರಿಗೆ ಕೂತ ಅಪರಿಚಿತನಿಗೆ 4.3ರ ಕಥೆ ಶುರು ಮಾಡುತ್ತಾನೆ. ಆ ಅಕ್ಕಿ ಬೆಟ್ಟಕ್ಕೆ ತಾನಾಗಿ ನಡೆದುಕೊಂಡು ಬಂದಿರಲಾರದು. ಅದನ್ನು ಯಾರ ಬೇಸ್ ವೆಯ್ಟಿಗೆ ಬರೆಯಬೇಕೋ ಪಟ್ಟಿಯಲ್ಲಿ ಕಾಲಂ ಇಲ್ಲ.

ಇಷ್ಟೆಲ್ಲ ಆಗಿ ಭಾನುವಾರ ರಾತ್ರಿ, ವಾಪಸ್ ಬಸ್ಸು. ಮಂಡಿ ನೋವು, ಕಾಲ್ಬೆರಳಲ್ಲಿ ಬೊಬ್ಬೆ, ಕಿಟಕಿ ಪಕ್ಕದ ಸೀಟು, ಇನ್ನೇನು ನಿದ್ದೆ. ಪಕ್ಕದ ಸೀಟಿನಲ್ಲಿ ಗುಲಗಂಜಿರಾಯ. ಮೊಬೈಲ್ ಸತ್ತಿದೆ, ಪವರ್ ಬ್ಯಾಂಕು ದಾರಿಯುದ್ದಕ್ಕೂ ವೀಡಿಯೋ ತೆಗೆದ ಮೊಬೈಲಿಗೆ ತನ್ನನ್ನು ಅರ್ಪಿಸಿಕೊಂಡಿದೆ. ಚಾರ್ಜಿಂಗ್ ಪಾಯಿಂಟು ಇರುವುದು ನಮ್ಮ ಕಿಟಕಿಯ ಕೆಳಗೆ. ಈ ಸಲ ಅವನು ಕೇಬಲ್ ಕೇಳುವುದಿಲ್ಲ, ತಂದಿದ್ದಾನೆ. ಹತ್ತು ಸೆಂಟಿಮೀಟರಿನದು, ಒಂಬತ್ತು ಗ್ರಾಂ. ಅವನ ಸೀಟಿಗೆ ಎಟುಕುವುದಿಲ್ಲ.

"ನಿಮ್ಮ ತೊಡೆ ಮೇಲೆ ಇಟ್ಕೋತೀರಾ ಗುರು? ಹಾಸನ ತನಕ ಸಾಕು."