ಬಾಸ್ಕೆಟ್‌ಬಾಲ್ ಆಡಿ ಏನ್ ಮಾಡ್ತಾಳೆ?

ಕಳೆದ ಭಾನುವಾರ ತಂಗಿ ಮನೆಗೆ ಊಟಕ್ಕೆ ಹೋಗಿದ್ದೆ. ಬಿಸಿಬೇಳೆಬಾತ್ ಮೇಲೆ ಬೂಂದಿ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಆ ಪ್ರಶ್ನೆ ಬಂತು. "ಆಡ್ಲಿ, ಬೇಡ ಅನ್ನಲ್ಲ. ಆದ್ರೆ ಬಾಸ್ಕೆಟ್‌ಬಾಲ್ ಆಡಿ ಮುಂದೆ ಏನ್ ಮಾಡ್ತಾಳೆ?" ಕೇಳಿದ್ದು ತಂಗಿಯ ಗಂಡ, ತನ್ನ ಮಗಳ ಬಗ್ಗೆ. ಆದರೆ ನೋಡಿದ್ದು ನನ್ನ ಕಡೆ. ಈ ಮನೆಯಲ್ಲಿ ಬಾಸ್ಕೆಟ್‌ಬಾಲ್ ಆಡಿ ಏನೂ ಮಾಡದೆ ಉಳಿದವಳು ನಾನೊಬ್ಬಳೇ ಅಲ್ವಾ.

ಅಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಬಾಯಿ ತುಂಬ ಬಾತ್ ಇತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತೆ.

ಹುಡುಗಿಗೆ ಈಗಷ್ಟೇ 18 ತುಂಬಿದೆ. ಮಲ್ಲೇಶ್ವರದ ಕಡೆ ಒಂದು ಕ್ಲಬ್ಬಿನಲ್ಲಿ ಆಡುತ್ತಾಳೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಡುತ್ತಾಳೆ. ನಮ್ಮಮ್ಮ ಪಕ್ಕದ ಮನೆಯವರಿಗೆ "ಮೊಮ್ಮಗಳು ದಿನಾ ಬೆಳಿಗ್ಗೆ ಕೋರ್ಟಿಗೆ ಹೋಗ್ತಾಳೆ" ಅಂತ ಹೇಳಿ, ಅವರು ಪಾಪ ಆಸ್ತಿ ಕೇಸು ಅಂದುಕೊಂಡು ಒಳ್ಳೆ ವಕೀಲರ ನಂಬರ್ ಕೊಟ್ಟಿದ್ದರು. ಹೋದ ತಿಂಗಳು ನಾನೂ ಒಂದು ದಿನ ಜೊತೆಗೆ ಹೋದೆ. ಸಿಮೆಂಟ್ ಕೋರ್ಟು. ರಾತ್ರಿ ಮಳೆಗೆ ಫ್ರೀ ಥ್ರೋ ಗೆರೆ ಹತ್ತಿರ ನೀರು ನಿಂತಿತ್ತು. ನಾಲ್ಕು ಹುಡುಗಿಯರು ಗೋಣಿಚೀಲ ಹಾಸಿ ನೀರು ಒರೆಸುತ್ತಿದ್ದರು. ಚೆಂಡು ಸಿಮೆಂಟಿಗೆ ಉಜ್ಜಿ ಉಜ್ಜಿ ಅದರ ಚುಕ್ಕಿಗಳೆಲ್ಲ ಸವೆದು, ಹಳೇ ಕಂಚಿನ ಚೊಂಬಿನ ಥರ ನುಣ್ಣಗಾಗಿತ್ತು. ಅಂಥ ಚೆಂಡು ಬೆವರಿದ ಕೈಯಲ್ಲಿ ನಿಲ್ಲಲ್ಲ. ಆದರೂ ಆ ಹುಡುಗಿಯರು ಎಡಗೈ ಲೇಅಪ್ ಹಾಕುತ್ತಿದ್ದರು. ಸಾಲಾಗಿ ಓಡಿ ಬಂದು, ಎರಡು ಹೆಜ್ಜೆ ಇಟ್ಟು, ಮೇಲೆ ಎದ್ದು ಚೆಂಡನ್ನು ಬುಟ್ಟಿಗೆ ಹಾಕೋದು. ಎಡಗೈ ಲೇಅಪ್ ಕೂರುವುದಕ್ಕೆ ನನಗೆ ಎರಡು ವರ್ಷ ಬೇಕಾಗಿತ್ತು. ಅವತ್ತು ಅಲ್ಲೇ ನಿಂತು ನೋಡುವಾಗ ನನ್ನ ಕಾಲೂ ತಾನಾಗಿ ತಾಳ ಹಾಕುತ್ತಿತ್ತು, ಬಲಗಾಲು ಮಾತ್ರ.

ಎಡ ಮಂಡಿ 22ನೇ ವಯಸ್ಸಿಗೇ ಹೋಯಿತು. ಯಾರೂ ತಳ್ಳಲಿಲ್ಲ, ಯಾರೂ ಬೀಳಿಸಲಿಲ್ಲ. ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡು, ಹಿಡಿದು ಕೆಳಗೆ ಇಳಿದೆ, ತಿರುಗಿದೆ, ಒಳಗೆ 'ಟಪ್' ಅಂತ ಒಂದು ಸದ್ದು. ಹುಣಸೆಕಾಯಿ ಮುರಿದ ಹಾಗೆ. ಎಸಿಎಲ್ ಅಂತಾರೆ, ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಕಟ್ಟು. ಇದೇ ಆಟ ಆಡುವ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ಹರಿಯುವುದು ಜಾಸ್ತಿ. ಮೇಲಿಂದ ಇಳಿಯುವಾಗ ಮಂಡಿ ಒಳಕ್ಕೆ ವಾಲದ ಹಾಗೆ ಇಳಿಯುವುದನ್ನು ಕಲಿಸಿದರೆ, ತೊಡೆ ಹಿಂಭಾಗದ ಸ್ನಾಯು ಗಟ್ಟಿ ಮಾಡಿದರೆ, ಅಪಾಯ ಎಷ್ಟೋ ಕಡಿಮೆಯಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆಪರೇಷನ್ ಆದ ಮೇಲೆ, ಫಿಸಿಯೋ ಟೇಬಲ್ ಮೇಲೆ ಮಲಗಿದ್ದಾಗ. ಅಲ್ಲಿಯವರೆಗೆ ನನಗೆ ಆಟ ಕಲಿಸಿದ್ದರು, ಇಳಿಯೋದು ಕಲಿಸಿರಲಿಲ್ಲ. ಖರ್ಚು ಅಪ್ಪನ ಜೇಬಿನದ್ದು. ಆಡಿಸಿದವರು ಒಂದು ಸಲ ಬಂದು ಮೂಸಂಬಿ ಕೊಟ್ಟು ಹೋದರು. ಅದಾಗಿ ಎರಡು ತಿಂಗಳಿಗೆ ನೌಕರಿಯ ಟ್ರಯಲ್ಸ್ ಇತ್ತು. ನಾನು ಊರುಗೋಲಿನಲ್ಲಿದ್ದೆ. ಈಗ ಒಂದು ಕಡೆ ಅಕೌಂಟ್ಸ್ ನೋಡಿಕೊಳ್ಳುತ್ತೇನೆ, ಚೆನ್ನಾಗೇ ಇದ್ದೇನೆ. ಮೆಟ್ಟಿಲು ಇಳಿಯುವಾಗ ಮಾತ್ರ ಕಂಬಿ ಬೇಕು.

ಈಗ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಬಾಸ್ಕೆಟ್‌ಬಾಲ್ ಆಡುವ ಹೆಣ್ಣುಮಗಳ ವೃತ್ತಿ ಅಂದರೆ ಏನು? ನೇರವಾಗಿ ಹೇಳುತ್ತೇನೆ: ರೈಲ್ವೆ. ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಕೆಲಸ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರೈಲ್ವೆ ಹುಡುಗಿಯರು ಗೆಲ್ಲುತ್ತಲೇ ಇರುತ್ತಾರೆ. ಅದರಲ್ಲಿ ಆಶ್ಚರ್ಯ ಏನಿದೆ? ರಾಜ್ಯಗಳು ಬೆಳೆಸಿದ ಒಳ್ಳೊಳ್ಳೆ ಆಟಗಾರ್ತಿಯರು ಕೊನೆಗೆ ಸೇರುವುದು ಅಲ್ಲಿಗೇ. ಪದ್ಮಶ್ರೀ ಬಂದ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯವರು. ಗೀತು ಅನ್ನಾ ಜೋಸ್ ಕೂಡ ದಕ್ಷಿಣ ರೈಲ್ವೆಯವರೇ.

ಗೀತು ಹೆಸರು ಕೇಳಿರುವವರು ಎಷ್ಟು ಜನ ಇದ್ದೀರಿ, ಕಾಮೆಂಟ್‌ನಲ್ಲಿ ಹೇಳಿ. ಕೇರಳದ ಹುಡುಗಿ. ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್ಬಿಗೆ ಆಡಿ ಬಂದವರು. 2011ರಲ್ಲಿ ಅಮೆರಿಕದ ಹೆಂಗಸರ ಬಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎ ಅವರನ್ನು ಟ್ರಯಲ್ಸ್‌ಗೆ ಕರೆಯಿತು. ಶಿಕಾಗೊ, ಲಾಸ್ ಏಂಜಲಿಸ್, ಸ್ಯಾನ್ ಆಂಟೋನಿಯೊ, ಮೂರು ತಂಡಗಳ ಮುಂದೆ ಆಡಿ ತೋರಿಸಿದರು. ಕಾಂಟ್ರಾಕ್ಟ್ ಸಿಗಲಿಲ್ಲ. ಆದರೆ ಆ ಬಾಗಿಲ ತನಕ ಅದಕ್ಕೆ ಮುಂಚೆ ನಮ್ಮಿಂದ ಯಾವ ಹುಡುಗಿ ಹೋಗಿದ್ದಳು? ಬೇರೆ ದೇಶದಲ್ಲಾಗಿದ್ದರೆ ಆ ಮೂರು ಟ್ರಯಲ್ಸ್ ಬಗ್ಗೆಯೇ ಶಾಲೆಗಳಲ್ಲಿ ಹೇಳುತ್ತಿದ್ದರು. ನಮ್ಮಲ್ಲಿ 2014ರಲ್ಲಿ ಅರ್ಜುನ ಪ್ರಶಸ್ತಿ ಕೊಟ್ಟು ಸುಮ್ಮನಾದೆವು.

ನನ್ನ ತಕರಾರು ರೈಲ್ವೆ ಮೇಲಲ್ಲ. "ಕೋಟಾದಲ್ಲಿ ಸೇರಿಕೊಂಡ್ಳು" ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಆಗಲ್ಲ. ಕೊಡಗಿನ ತೋಟದ ಮನೆಯ ಹುಡುಗಿ, ಮಂಡ್ಯದ ಕಂಡಕ್ಟರ್ ಮಗಳು ಸ್ಪೋರ್ಟ್ಸ್ ಹಾಸ್ಟೆಲ್ ಸೇರಿ ಹತ್ತು ವರ್ಷ ಬೆವರು ಸುರಿಸುವುದು ಆ ಒಂದು ಆರ್ಡರ್ ಕಾಪಿಗೆ. ಆ ಕಾಗದ ಇಲ್ಲದಿದ್ದರೆ ಈ ದೇಶದಲ್ಲಿ ಹೆಂಗಸರ ಬಾಸ್ಕೆಟ್‌ಬಾಲೇ ಇರುತ್ತಿರಲಿಲ್ಲ. ತಕರಾರು ಇರುವುದು ಬಾಗಿಲು ಅದೊಂದೇ ಅನ್ನುವುದಕ್ಕೆ. ಆ ಬಾಗಿಲು ದಾಟಿದ ಮೇಲೆ ಆಡುವುದಕ್ಕೆ ಮ್ಯಾಚುಗಳೇ ಇಲ್ಲ ಅನ್ನುವುದಕ್ಕೆ. ನಾನು ಚೆನ್ನಾಗಿ ಆಡುತ್ತಿದ್ದ ಕೊನೆಯ ವರ್ಷ ಡೈರಿಯಲ್ಲಿ ಬರೆದಿಟ್ಟಿದ್ದೆ: ಇಡೀ ವರ್ಷಕ್ಕೆ 31 ಮ್ಯಾಚು, ಅದರಲ್ಲೂ ಅರ್ಧ ಎದುರಾಳಿ ತಂಡಕ್ಕೆ ಐದು ಜನ ಸರಿಯಾಗಿ ಬಂದಿರದ ಮ್ಯಾಚು. 2024ರಲ್ಲಿ ಡಬ್ಲ್ಯುಎನ್‌ಬಿಎ ತಂಡವೊಂದು ನಾಲ್ಕೇ ತಿಂಗಳ ಚಿಲ್ಲರೆಯಲ್ಲಿ 40 ಲೀಗ್ ಮ್ಯಾಚು ಆಡಿತು.

"ಹಾಗಾದ್ರೆ ಅಮೆರಿಕಕ್ಕೆ ಹೋಗ್ಲಿ" ಅನ್ನುವ ಅಂಕಲ್‌ಗಳಿಗೆ ಒಂದು ವಿಷಯ. ಅಲ್ಲೂ ಕಥೆ ಸುಲಭ ಇಲ್ಲ. 2024ರಲ್ಲಿ ಇಡೀ ಅಮೆರಿಕವೇ ಹುಚ್ಚೆದ್ದು ನೋಡಿದ ಕೇಟ್ಲಿನ್ ಕ್ಲಾರ್ಕ್, ತಂಡಗಳು ಸರದಿಯಂತೆ ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. ಮೊದಲ ವರ್ಷದ ಸಂಬಳ 76,535 ಡಾಲರ್. ಆಗಿನ ನಮ್ಮ ರೂಪಾಯಿಯಲ್ಲಿ 64 ಲಕ್ಷದ ಆಸುಪಾಸು. ಸರ್ಜಾಪುರ ರಸ್ತೆಯ ಯಾವುದಾದರೂ ಅಪಾರ್ಟ್‌ಮೆಂಟಿಗೆ ಹೋಗಿ ಕೇಳಿ, ಒಂದೊಂದು ಮಹಡಿಗೂ ಅಷ್ಟು ದುಡಿಯುವವರು ಒಬ್ಬರಾದರೂ ಸಿಗಬಹುದು. ಅದೇ ವರ್ಷ ಗಂಡಸರ ಎನ್‌ಬಿಎಯಲ್ಲಿ ಮೊದಲ ಆಯ್ಕೆಯಾದ ಹುಡುಗನಿಗೆ ಒಂದು ಕೋಟಿ ಡಾಲರ್‌ಗೂ ಜಾಸ್ತಿ. ಜಾಹೀರಾತಿನಿಂದ ಕ್ಲಾರ್ಕ್‌ಗೆ ಬೇಕಾದಷ್ಟು ಬರುತ್ತದೆ, ಒಪ್ಪೋಣ. ಬೆಂಚಿನಲ್ಲಿ ಕೂರುವ ಹತ್ತನೆಯವಳಿಗೆ ಬರಲ್ಲ.

ಅದಕ್ಕೇ ಅವರೆಲ್ಲ ಎರಡೆರಡು ಕಡೆ ದುಡಿದರು. ಬೇಸಿಗೆಯಲ್ಲಿ ಅಮೆರಿಕ, ಚಳಿಗಾಲದಲ್ಲಿ ರಷ್ಯಾ, ಟರ್ಕಿ, ಚೀನಾ. ಡಯಾನಾ ಟೌರಾಸಿ ಅಂತ ಒಬ್ಬಳು, ಆರು ಒಲಿಂಪಿಕ್ ಚಿನ್ನ. 2015ರಲ್ಲಿ ಅವಳ ರಷ್ಯಾದ ಕ್ಲಬ್ಬು "ಈ ಬೇಸಿಗೆ ಅಮೆರಿಕದಲ್ಲಿ ಆಡಬೇಡ, ರೆಸ್ಟ್ ತಗೋ, ಅದಕ್ಕೂ ನಾವೇ ದುಡ್ಡು ಕೊಡ್ತೀವಿ" ಅಂದಿತು. ಅವಳು ಹೂಂ ಅಂದಳು. ರಷ್ಯಾದಲ್ಲಿ ಅವಳಿಗೆ ಸಿಗುತ್ತಿದ್ದುದು ಸುಮಾರು 15 ಲಕ್ಷ ಡಾಲರ್ ಅಂತ ವರದಿಯಾಗಿತ್ತು. ತನ್ನ ದೇಶದ ಲೀಗಿನಲ್ಲಿ ಒಂದು ಲಕ್ಷದ ಆಸುಪಾಸು. ಅಂದರೆ ಸ್ವಂತ ದೇಶದಲ್ಲಿ ಆಡದೇ ಇರುವುದಕ್ಕೇ ಆಡುವುದಕ್ಕಿಂತ ಜಾಸ್ತಿ ಬೆಲೆ! ಬ್ರಿಟ್ನಿ ಗ್ರೈನರ್ 2022ರ ಫೆಬ್ರುವರಿಯಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು, ಒಂಬತ್ತು ವರ್ಷ ಶಿಕ್ಷೆಯಾಗಿ, ಡಿಸೆಂಬರ್‌ನಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದ ಸುದ್ದಿ ಎಲ್ಲರೂ ಓದಿದ್ದೀರಿ. ಅವಳ ಬ್ಯಾಗಿನಲ್ಲಿ ಏನಿತ್ತು ಅಂತ ಎಲ್ಲರೂ ಚರ್ಚೆ ಮಾಡಿದರು. ನನ್ನ ತಲೆಯಲ್ಲಿ ಓಡಿದ್ದು ಒಂದೇ: ಅಷ್ಟು ದೊಡ್ಡ ಆಟಗಾರ್ತಿ ಆ ಚಳಿಯಲ್ಲಿ ಆ ದೇಶಕ್ಕೆ ಯಾಕೆ ಹೋಗಬೇಕಾಗಿತ್ತು? ಓವರ್‌ಟೈಮ್‌ಗೆ. 2025ರ ಆಲ್‌ಸ್ಟಾರ್ ಪಂದ್ಯದ ಮುಂಚೆ ಆಟಗಾರ್ತಿಯರೆಲ್ಲ "ನಮಗೆ ಕೊಡಬೇಕಾದ್ದನ್ನು ಕೊಡಿ" ಅಂತ ಬರೆದ ಟೀ ಶರ್ಟ್ ಹಾಕಿಕೊಂಡು ಬಂದಾಗ ನಾನಿಲ್ಲಿ ಸೋಫಾ ಮೇಲೆ ಕೂತು ಚಪ್ಪಾಳೆ ತಟ್ಟಿದ್ದೆ. ಮನೆಯವರು ಸೌಂಡ್ ಕಮ್ಮಿ ಮಾಡು ಅಂದರು.

ಅಮೆರಿಕದ ದಾರಿ ಕೆಲವರಿಗೆ ತೆರೆದಿದೆ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಷಿಪ್ ಮೇಲೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಿದಳು. ನೂರಕ್ಕೊಬ್ಬಳಲ್ಲ, ಲಕ್ಷಕ್ಕೊಬ್ಬಳು. ಉಳಿದವರಿಗೆ?

ಉಳಿದವರಿಗೆ ನಾನು ತೋರಿಸುವುದು ಜಪಾನನ್ನು. 2019ರ ಸೆಪ್ಟೆಂಬರ್‌ನಲ್ಲಿ ಹೆಂಗಸರ ಏಷ್ಯಾ ಕಪ್ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ನಡೆಯಿತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಜಪಾನಿನವರ ವಾರ್ಮ್ ಅಪ್ ನೋಡುವುದೇ ಒಂದು ಪಾಠ. ಯಾರೂ ಕೂಗಲ್ಲ. ಚೆಂಡು ನೆಲಕ್ಕೆ ತಾಗುವುದೇ ಅಪರೂಪ, ಕೈಯಿಂದ ಕೈಗೆ, ಕೈಯಿಂದ ಕೈಗೆ. ಮೈಕಟ್ಟಿನಲ್ಲಿ ಅವರಲ್ಲಿ ಎಷ್ಟೋ ಜನ ನಮ್ಮ ಹುಡುಗಿಯರ ಥರವೇ. ಫೈನಲ್‌ನಲ್ಲಿ ಚೀನಾವನ್ನು 71–68ರಲ್ಲಿ ಸೋಲಿಸಿದರು. 2017ರಲ್ಲೂ ಇದೇ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾವನ್ನು ಒಂದೇ ಪಾಯಿಂಟಿನಲ್ಲಿ ಸೋಲಿಸಿ ಕಪ್ ಎತ್ತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದರು. ಸೆಮಿಫೈನಲ್‌ನಲ್ಲಿ ರುಯಿ ಮಚಿದಾ 18 ಅಸಿಸ್ಟ್, ಅಂದರೆ ಜೊತೆಯವರು ಬುಟ್ಟಿಗೆ ಹಾಕಿದ ಪಾಸ್, ಕೊಟ್ಟಳು, ಅದು ಒಲಿಂಪಿಕ್ ದಾಖಲೆ. ಅವಳ ಎತ್ತರ 162 ಸೆಂಟಿಮೀಟರ್. ನಮ್ಮ ಹುಡುಗಿ 168. "ನಮ್ಮವರು ಕುಳ್ಳು, ಅದಕ್ಕೇ ಆಗಲ್ಲ" ಅನ್ನುವವರು ಇದನ್ನೊಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಈ ಜಪಾನಿನ ಹುಡುಗಿಯರಿಗೆ ಸಂಬಳ ಕೊಡುವವರು ಯಾರು ಗೊತ್ತಾ? ಕಂಪನಿಗಳು. ಪೆಟ್ರೋಲ್ ಮಾರುವ ಕಂಪನಿಗೆ ಒಂದು ತಂಡ, ಕಂಪ್ಯೂಟರ್ ಮಾಡುವ ಫುಜಿತ್ಸುಗೆ ಒಂದು ತಂಡ, ಟೊಯೋಟಾಗೆ ಒಂದು ತಂಡ. ಹೌದು, ನಮ್ಮ ಬಿಡದಿಯಲ್ಲಿ ಇನ್ನೋವಾ ಮಾಡುವ ಅದೇ ಟೊಯೋಟಾ. ಅಲ್ಲಿ ಅದರ ಹೆಂಗಸರ ತಂಡದ ಹೆಸರು ಆಂಟೆಲೋಪ್ಸ್. ಅಂದರೆ ನೌಕರಿ ಕೊಟ್ಟು ಆಡಿಸುವುದು ಹಳೇ ಕಾಲದ ಪದ್ಧತಿ, ಅದರಿಂದ ಏನೂ ಆಗಲ್ಲ ಅನ್ನುವ ಮಾತು ಸುಳ್ಳು. ಅಲ್ಲಿ ಅಂಥ ತಂಡಗಳು ಹತ್ತಾರಿವೆ, ಅವುಗಳ ನಡುವೆ ತಿಂಗಳುಗಟ್ಟಲೆ ಲೀಗ್ ನಡೆಯುತ್ತೆ. ನಮ್ಮಲ್ಲಿ ಹೇಳಿಕೊಳ್ಳುವುದಕ್ಕೆ ಒಂದು ರೈಲ್ವೆ.

ಬೆಂಗಳೂರಿಗೆ ಇದು ಹೊಸದೇನೂ ಅಲ್ಲ. ಎಚ್‌ಎಎಲ್, ಐಟಿಐ ಅಂದರೆ ಕಾರ್ಖಾನೆ ಎಷ್ಟೋ ಕ್ರೀಡಾ ತಂಡಗಳೂ ಅಷ್ಟೇ ಅನ್ನುವ ಕಾಲ ಇತ್ತು. ವಿಜಯಾ ಬ್ಯಾಂಕ್ ಬಾಸ್ಕೆಟ್‌ಬಾಲ್ ತಂಡ ಆಡುತ್ತೆ ಅಂದರೆ ನಾವು ಕ್ಲಾಸ್ ತಪ್ಪಿಸಿ ಹೋಗುತ್ತಿದ್ದೆವು. 2019ರಲ್ಲಿ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು. ಅದೂ ಗಂಡಸರ ತಂಡವೇ, ಅದು ಬೇರೆ ಮಾತು. ಈಗ ಈ ಊರಿನಲ್ಲಿ ಅದೆಷ್ಟು ಸಾವಿರ ಕಂಪನಿಗಳಿವೆ! ಕ್ಯಾಂಪಸ್ ಒಳಗೆ ಮರದ ನೆಲದ ಕೋರ್ಟು ಇರುತ್ತೆ, ಎಸಿ ಇರುತ್ತೆ, ಶುಕ್ರವಾರ ಸಂಜೆ ನಾಲ್ಕು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಹೊರಗೆ ನಮ್ಮ ಹುಡುಗಿಯರು ಗೋಣಿಚೀಲದಲ್ಲಿ ನೀರು ಒರೆಸುತ್ತಾರೆ. ಹನ್ನೆರಡು ಹುಡುಗಿಯರಿಗೆ ಕೆಲಸ ಕೊಟ್ಟು, ಮಧ್ಯಾಹ್ನದ ಮೇಲೆ ಪ್ರಾಕ್ಟೀಸಿಗೆ ಬಿಟ್ಟು, ಒಬ್ಬ ಫಿಸಿಯೋ ಇಟ್ಟರೆ ಆ ಕಂಪನಿಗಳಿಗೆ ಅದೊಂದು ಖರ್ಚೇ ಅಲ್ಲ. ಆರು ಕಂಪನಿ ಮನಸ್ಸು ಮಾಡಿದರೆ ಊರೊಳಗೇ ಒಂದು ಲೀಗ್.

ಜನ ನೋಡಲ್ಲ ಅಂತೀರಾ? 2017ರ ಜುಲೈ ಕೊನೆಯ ಶನಿವಾರ ನಮ್ಮ ಭಾರತದ ಹುಡುಗಿಯರು ಇದೇ ಬೆಂಗಳೂರಿನಲ್ಲಿ ಕಜಕಸ್ತಾನವನ್ನು 75–73ರಲ್ಲಿ ಸೋಲಿಸಿ ಏಷ್ಯಾ ಕಪ್ 'ಬಿ' ಡಿವಿಷನ್ ಗೆದ್ದರು, ಮೇಲಿನ ಡಿವಿಷನ್‌ಗೆ ಹೋದರು. ಸೋಮವಾರ ಆಫೀಸಿನಲ್ಲಿ ಹೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಹಿಂದಿನ ಭಾನುವಾರ ಲಾರ್ಡ್ಸ್‌ನಲ್ಲಿ ಮಿಥಾಲಿ ತಂಡ 9 ರನ್‌ನಿಂದ ಸೋತ ವಿಶ್ವಕಪ್ ಫೈನಲ್ ಮಾತೇ. ಅವತ್ತು ನನಗೆ ಹೊಟ್ಟೆಕಿಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಹಾಗನ್ನಿಸಲ್ಲ. ಆ ಸೋಲನ್ನು ಜನ ಟಿವಿಯಲ್ಲಿ ನೋಡಿದ್ದಕ್ಕೇ ಮುಂದೆ ಹೆಂಗಸರ ಕ್ರಿಕೆಟ್‌ಗೆ ಲೀಗ್ ಬಂತು. 2023ರ ಹರಾಜಿನಲ್ಲಿ ಆರ್‌ಸಿಬಿ ಸ್ಮೃತಿ ಮಂಧಾನಗೆ 3.4 ಕೋಟಿ ಕೊಟ್ಟಿತು. 2024ರಲ್ಲಿ ಗಂಡಸರಿಗಿಂತ ಮೊದಲು ಕಪ್ ತಂದವರೂ ಅವರೇ. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಹೆಂಗಸರ ಆಟ ಯಾರು ನೋಡ್ತಾರೆ ಅನ್ನುತ್ತಿದ್ದ ನಮ್ಮ ಕೆಳಗಿನ ಮನೆಯ ಮೇಷ್ಟ್ರು ಆ ರಾತ್ರಿ ಲುಂಗಿ ಎತ್ತಿ ಕಟ್ಟಿ ಕುಣಿದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಚಿನ್ನಸ್ವಾಮಿಯಿಂದ ಕಂಠೀರವಕ್ಕೆ ಕಬ್ಬನ್ ಪಾರ್ಕ್ ಪಕ್ಕದಲ್ಲೇ ನಡೆದು ಹೋಗಬಹುದು.

ತಂಗಿ ಗಂಡನಿಗೆ ಇಷ್ಟೆಲ್ಲ ಹೇಳಬೇಕು ಅಂದುಕೊಂಡಿದ್ದೆ. ಹೇಳಿದ್ದು ಮಾತ್ರ "ಮೊದಲು ಮಂಡಿ ನೋಡ್ಕೊಳ್ಳಲಿ, ಡಿಗ್ರಿ ಬಿಡೋದು ಬೇಡ, ಆಡೋದೂ ಬಿಡೋದು ಬೇಡ" ಅಂತ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೊಸರನ್ನಕ್ಕೆ ಕೈ ಹಾಕಿದರು.

ಊಟ ಆದ ಮೇಲೆ ಹುಡುಗಿ ಸ್ಪೋರ್ಟ್ಸ್ ಕೋಟಾದ ಅರ್ಜಿ ತಂದಳು. ಈಗಲೇ ತುಂಬಿ ನೋಡೋಣ ಅಂತ. ಟ್ರಯಲ್ಸ್‌ನಲ್ಲಿ ತೋರಿಸುವ ಆಟಕ್ಕಿಂತ ಸರ್ಟಿಫಿಕೇಟಿಗೆ ಅಂಕ ಜಾಸ್ತಿ, ಅದಕ್ಕೆ ಫೈಲೂ ತಂದಿದ್ದಳು. ಡೈನಿಂಗ್ ಟೇಬಲ್ ಮೇಲೆ ಎಲ್ಲ ಹರಡಿಕೊಂಡು ಕೂತೆವು. ಒಂದು ನ್ಯಾಷನಲ್ಸ್ ಸರ್ಟಿಫಿಕೇಟ್ ಮೇಲೆ ಬೆರಳಿಟ್ಟು ಅಲ್ಲೇ ನಿಂತಳು. ಆ ಟೂರ್ನಿಯಲ್ಲಿ ಅವಳನ್ನು ಒಂದು ನಿಮಿಷವೂ ಕೋರ್ಟಿಗೆ ಇಳಿಸಿರಲಿಲ್ಲ.

"ದೊಡ್ಡಮ್ಮ, ಬೆಂಚಲ್ಲಿ ಕೂತಿದ್ದೂ ಆಡಿದ್ದು ಅಂತಾನೇ ಲೆಕ್ಕವಾ?"

ಹೌದು, ಬರಿ ಅಂದೆ.